ಕೊಡಲಿಗೆ ನೀರು ಕುಡಿಸಬೇಡಿ

ಏಪ್ರಿಲ್ ಬಂತೆಂದರೆ ನಮ್ಮ ಮೂಡಿಗೆರೆ ಕಡೆ ಮನೆಮನೆಯಲ್ಲೂ ಒಂದೇ ಕಥೆ. ಕಾಫಿ ಕೊಯ್ಲು ಮುಗಿದಿರುತ್ತದೆ. ಮಳೆ ಹಿಡಿಯುವ ಮೊದಲು ಸೌದೆ ಒಡೆದು ಕೊಟ್ಟಿಗೆ ತುಂಬಿಸಬೇಕು. ಒಲೆ ಮೇಲಿನ ಅಟ್ಟದಿಂದ ಕೊಡಲಿ ಇಳಿಸುತ್ತಾರೆ. ಮರದ ಹಿಡಿ, ಅಂದರೆ ಕಾವು, ಲಟಪಟ ಅನ್ನುತ್ತದೆ. ತಗೊಂಡು ಹೋಗಿ ದನ ಕುಡಿಯುವ ತೊಟ್ಟಿಯಲ್ಲಿ ತಲೆ ಮುಳುಗುವ ಹಾಗೆ ಇಳಿಬಿಡುತ್ತಾರೆ. ಬೆಳಿಗ್ಗೆ ನೋಡಿದರೆ ಕಾವು ಬಿಗಿ. ಎಲ್ಲರಿಗೂ ಖುಷಿ.

ನಾನೂ ಹತ್ತು ವರ್ಷ ಹಾಗೇ ಮಾಡಿದವನು. ಒಂದು ದಿನ ಹಲಸಿನ ಬೊಡ್ಡೆಗೆ ಏಟು ಹಾಕಲು ಎತ್ತಿದೆ, ಕೈಯಲ್ಲಿ ಬರೀ ಕಾವು ಉಳಿಯಿತು. ಕೊಡಲಿ ಹಿಂದಕ್ಕೆ ಹಾರಿ, ಕೊಟ್ಟಿಗೆಯ ಹೆಂಚು ಒಡೆದು, ಕರುವಿನ ಪಕ್ಕ ಬಿತ್ತು. ಕರು ಹುಲ್ಲು ತಿನ್ನುವುದನ್ನೂ ನಿಲ್ಲಿಸಲಿಲ್ಲ. ನನಗೆ ಮಾತ್ರ ಅವತ್ತು ಊಟ ಸೇರಲಿಲ್ಲ.

ಆಚಾರಿ ಕುಲುಮೆಯಲ್ಲಿ ಬಡಿದು ಮಾಡಿದ ಒಳ್ಳೆಯ ಕೊಡಲಿ ಮರ ಕಡಿದು ಹಾಳಾಗಿದ್ದನ್ನು ನಾನು ನೋಡಿಲ್ಲ. ಅದು ಹಾಳಾಗುವುದು ನಾವು ಮಾಡುವ ಉಪಚಾರದಿಂದ. ಒಂದು ಈ ನೀರು, ಇನ್ನೊಂದು ಗ್ರೈಂಡರ್.

ಹೆಜ್ಜೆ 1: ಇಷ್ಟೆಲ್ಲ ಮಾಡುವಷ್ಟು ಒಳ್ಳೆಯ ಕೊಡಲಿಯೇ?

ಸಂತೆಯಲ್ಲಿ ಕೆಂಪು ಬಣ್ಣ ಬಳಿದು ರಾಶಿ ಹಾಕಿರುತ್ತಾರಲ್ಲ, ಅದಕ್ಕೆ ಈ ಲೇಖನ ಬೇಡ. ಎಷ್ಟು ಮಸೆದರೂ ಎರಡು ಬೊಡ್ಡೆ ಒಡೆಯುವಷ್ಟರಲ್ಲಿ ಮೊಂಡು. ಹಳೇ ಲಾರಿ, ಜೀಪಿನ ಸ್ಪ್ರಿಂಗ್ ಪ್ಲೇಟು ಕಾಯಿಸಿ ಬಡಿದ ಕೊಡಲಿಯ ದಾರಿಯೇ ಬೇರೆ. ಆ ಸ್ಪ್ರಿಂಗ್ ಉಕ್ಕಿನಲ್ಲಿ ಶೇಕಡಾ 0.5ರಿಂದ 0.6ರಷ್ಟು ಇಂಗಾಲ ಇರುತ್ತದೆ. ಕೆಂಪಗೆ ಕಾಯಿಸಿ ಅದ್ದಿದಾಗ ಉಕ್ಕು ಗಟ್ಟಿಯಾಗುವುದು ಅದರಿಂದಲೇ.

ಪರೀಕ್ಷೆಗೆ ಒಂದು ಅರ (ಫೈಲು) ಸಾಕು. ಬಾಯಿಯ ಮೇಲೆ ಎಳೆದಾಗ ಅರ ಕಷ್ಟಪಟ್ಟು ಕಚ್ಚಬೇಕು. ಬೆಲ್ಲ ಕೆರೆದ ಹಾಗೆ ಸಲೀಸಾಗಿ ಪುಡಿ ಉದುರಿದರೆ ಹದ, ಅಂದರೆ ಕಾಯಿಸಿ ಅದ್ದಿ ಬರಿಸಿದ ಗಟ್ಟಿತನ, ಇಲ್ಲ. ಗಾಜಿನ ಮೇಲೆ ಎಳೆದ ಹಾಗೆ ಜಾರಿದರೆ ಹದ ಜಾಸ್ತಿಯಾಗಿದೆ, ಮರದ ಗಂಟಿಗೆ ಬಡಿದಾಗ ಬಾಯಿಯ ಚೂರು ಹಾರುತ್ತದೆ.

ಹೆಜ್ಜೆ 2: ಹಳೇ ಕಾವು ತೆಗೆಯುವುದು

ಕೊಡಲಿಯ ಬುಡಕ್ಕೆ ಸರಿಯಾಗಿ ಕಾವನ್ನು ಗರಗಸದಲ್ಲಿ ಕತ್ತರಿಸಿ, ಒಳಗೆ ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ ಬಡಿದು ಹೊರಗೆ ಹಾಕಿ. ಬೆಂಕಿಗೆ ಹಾಕಿ ಸುಡಬೇಡಿ. ಕಾವಿನ ಜೊತೆ ಹದವೂ ಸುಟ್ಟುಹೋಗುತ್ತದೆ.

ಹೆಜ್ಜೆ 3: ಹೊಸ ಕಾವು

ಎಲ್ಲರೂ ಎಡವುವುದು ಇಲ್ಲೇ.

ಮೊದಲು ನೀರಿನ ವಿಷಯ ಮುಗಿಸೋಣ. ನೀರು ಕುಡಿದ ಮರ ಊದುತ್ತದೆ, ಆದರೆ ಸುತ್ತ ಕಬ್ಬಿಣ ಇದೆ. ಊದಲು ಜಾಗ ಸಿಗದೆ ಒಳಗಿನ ಎಳೆಗಳು ನಜ್ಜುಗುಜ್ಜಾಗುತ್ತವೆ. ಒಣಗಿದ ಮೇಲೆ ಕಾವು ಮೊದಲಿಗಿಂತ ಸಣ್ಣಗಾಗಿರುತ್ತದೆ. ಮತ್ತೆ ನೆನೆಸುತ್ತೀರಿ, ಮತ್ತಷ್ಟು ಸಣ್ಣಗಾಗುತ್ತದೆ. ಜೊತೆಗೆ ಕೊಡಲಿಯ ಕಣ್ಣಿನ (ಕಾವು ತೂರಿಸುವ ತೂತಿನ) ಒಳಗೆಲ್ಲ ತುಕ್ಕು. ನನ್ನ ಕೊಡಲಿ ಹಾರಿದ್ದು ಹತ್ತು ವರ್ಷ ನೀರು ಕುಡಿದ ಮೇಲೆ.

ಯಾವ ಮರ? ನನ್ನನ್ನು ಕೇಳಿದರೆ ತಡಸಲು. ಏಟು ಬಿದ್ದಾಗ ಬಾಗಿ ಮತ್ತೆ ನೆಟ್ಟಗಾಗುವ ಮರ, ಅಂಗೈಗೆ ಅದುರು ಬರುವುದಿಲ್ಲ. ಅರಸೀಕೆರೆ, ಚನ್ನರಾಯಪಟ್ಟಣದ ಬಯಲು ಕಡೆಯವರಿಗೆ ಜಾಲಿ ಇದೆ, ಅದೂ ಗಟ್ಟಿಯೇ. ತೋಟದಲ್ಲಿ ನೆಟ್ಟಗೆ ಬೆಳೆದು ನಿಂತಿದೆ ಅಂತ ಸಿಲ್ವರ್ ಓಕ್ ಮುಟ್ಟಬೇಡಿ, ಲಟಕ್ಕನೆ ಮುರಿಯುತ್ತದೆ. ತೇಗ ಬಾಗಿಲಿಗಿರಲಿ. ಕಾವಿಗೋಸ್ಕರ ಕಾಡಿಗೆ ನುಗ್ಗುವುದೂ ಬೇಡ. ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಮಾಡುವಾಗ ನಿಮ್ಮ ತೋಟದಲ್ಲೇ ಬಿದ್ದ ತೊಡೆ ಗಾತ್ರದ ನೆಟ್ಟನೆ ಕೊಂಬೆ ಸಿಕ್ಕರೆ ಎತ್ತಿಟ್ಟುಕೊಳ್ಳಿ.

ತೊಡೆ ಗಾತ್ರ ಯಾಕೆಂದರೆ ಅದನ್ನು ಸೀಳಿ ಕಾವು ಮಾಡಬೇಕು. ಮಣಿಕಟ್ಟಿನ ಗಾತ್ರದ ಕೋಲನ್ನೇ ಕೆತ್ತಿ ಕಾವು ಮಾಡುವವರು ಜಾಸ್ತಿ. ನಡುವೆ ತಿರುಳು ಉಳಿದ ಕೋಲು ಒಣಗುವಾಗ ಉದ್ದಕ್ಕೆ ಸೀಳು ಬಿಡುತ್ತದೆ. ಮಿಲ್ಲಿನಲ್ಲಿ ಕುಯ್ಸಿದ ರೀಪರೂ ಬೇಡ. ಗರಗಸ ಎಳೆ ಯಾವ ಕಡೆ ಓಡುತ್ತದೆ ಅಂತ ನೋಡುವುದಿಲ್ಲ. ಸೀಳಿದ ಮರ ಎಳೆಯ ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ. ಕಾವಿನ ತುದಿಯಲ್ಲಿ ಕಾಣುವ ಗೆರೆಗಳು ಕೊಡಲಿಯ ಬಾಯಿಂದ ಬೆನ್ನಿನ ದಿಕ್ಕಿಗೆ ಓಡಬೇಕು, ಅದಕ್ಕೆ ಅಡ್ಡ ಅಲ್ಲ. ಹಾರ್ಡ್‌ವೇರ್ ಅಂಗಡಿಯ ರೆಡಿಮೇಡ್ ಕಾವು ತರುವವರೂ ಇಷ್ಟನ್ನು ನೋಡಿಯೇ ತನ್ನಿ. ಮನೆಗೆ ತಂದ ಮೇಲೆ ಅದರ ವಾರ್ನಿಶ್ ಪೂರ್ತಿ ಕೆರೆದು ತೆಗೆಯಿರಿ. ಅಂಗೈಯಲ್ಲಿ ಬೊಬ್ಬೆ ಏಳಿಸುವುದು ಕೆಲಸವಲ್ಲ, ವಾರ್ನಿಶ್.

ಸೀಳಿದ ತುಂಡಿನ ಎರಡೂ ತುದಿಗೆ ಮೇಣ ಅಥವಾ ಸೆಗಣಿ ಮೆತ್ತಿ ಅಟ್ಟಕ್ಕೆ ಹಾಕಿ. ಒಂದು ವರ್ಷ ಹೊಗೆ ಕುಡಿಯಲಿ. ಕಾಯಲಾಗದವರು ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಕ ನೋಡಿ. ತೂಕ ಇಳಿಯುವುದು ನಿಂತ ದಿನ ಮರ ಒಣಗಿದೆ ಅಂತ ಲೆಕ್ಕ. ಕಾವು ಕೂರಿಸುವುದು ಮಾತ್ರ ಮಾರ್ಚ್ ಅಥವಾ ಏಪ್ರಿಲ್‌ನಲ್ಲೇ ಆಗಲಿ. ಒಣ ಬಿಸಿಲಿನಲ್ಲಿ ಬಿಗಿಯಾಗಿ ಕೂತದ್ದು ಜೂನ್ ಮಳೆಗೆ ಇನ್ನಷ್ಟು ಬಿಗಿಯುತ್ತದೆ. ಜುಲೈ ಥಂಡಿಯಲ್ಲಿ ಕೂರಿಸಿದ್ದು ಜನವರಿಗೆ ಕಳಚುತ್ತದೆ.

ಈಗ ಕೂರಿಸುವ ಕೆಲಸ. ಕಾವಿನ ತುದಿಯನ್ನು ಕಣ್ಣಿನ ಆಕಾರಕ್ಕೆ ಕೆತ್ತಿ, ಸ್ವಲ್ಪ ದಪ್ಪವೇ ಇರಲಿ. ಕಣ್ಣಿನ ಒಳಗೆ ದೀಪದ ಮಸಿ ಸವರಿ. ಕಾವನ್ನು ತೂರಿಸಿ ಹೊರಗೆ ತೆಗೆಯಿರಿ. ಎಲ್ಲಿ ಕಪ್ಪು ಹತ್ತಿದೆಯೋ ಅಲ್ಲಿ ಮಾತ್ರ ಕೆರೆಯಿರಿ. ಒಡೆದ ಗಾಜಿನ ಚೂರು ಇದಕ್ಕೆ ಉಳಿಗಿಂತ ಚೆನ್ನ. ಮತ್ತೆ ಮಸಿ, ಮತ್ತೆ ತೂರಿಸಿ, ಮತ್ತೆ ಕೆರೆಯಿರಿ. ಹತ್ತು ಹದಿನೈದು ಸಲವಾದರೂ ಆಗುತ್ತದೆ. ಮೂರನೇ ಸಲಕ್ಕೆ ಬೇಜಾರಾಗಿ ಮಚ್ಚು ತಗೊಂಡು ಒಂದೇ ಏಟಿಗೆ ಸಣ್ಣ ಮಾಡುತ್ತಾರಲ್ಲ, ಅಂಥವರೇ ಮುಂದಿನ ವರ್ಷ ತೊಟ್ಟಿ ಹುಡುಕುವವರು.

ಸರಿಯಾಗಿ ಕೂತ ಮೇಲೆ ಕಾವಿನ ತಲೆಯ ನಡುವೆ, ಅಂಡಾಕಾರದ ಕಣ್ಣಿನ ಉದ್ದಕ್ಕೆ, ಆಮೇಲೆ ಬೆಣೆ ಹೊಡೆಯಲು ಗರಗಸದಲ್ಲಿ ಒಂದು ಸೀಳು ಹಾಕಿ. ಕಣ್ಣಿನ ಆಳದ ಮೂರರಲ್ಲಿ ಎರಡು ಪಾಲಿನಷ್ಟು ಸಾಕು.

ಇನ್ನು ಕೊಡಲಿಯನ್ನು ಮೇಲೇರಿಸಬೇಕು. ನೂರಕ್ಕೆ ತೊಂಬತ್ತು ಜನ ಕಾವನ್ನು ನೆಲಕ್ಕೆ ಊರಿ ಕೊಡಲಿಯ ನೆತ್ತಿಗೆ ಬಡಿಯುತ್ತಾರೆ. ಅದು ತಪ್ಪು. ಕಾವನ್ನು ಒಂದು ಕೈಯಲ್ಲಿ ಹಿಡಿದು ಕೊಡಲಿ ಕೆಳಗೆ ಜೋಲುವ ಹಾಗೆ ಗಾಳಿಯಲ್ಲಿ ನೇತಾಡಿಸಿ. ಈಗ ಮೇಲೆ ಬಂದಿರುವ ಕಾವಿನ ಬುಡಕ್ಕೆ ಮರದ ಸುತ್ತಿಗೆಯಿಂದ ಏಟು ಕೊಡಿ. ನೋಡಿದವರಿಗೆ ಕೊಡಲಿ ಬಿದ್ದೇಹೋಗುತ್ತದೆ ಅನ್ನಿಸುತ್ತದೆ. ಬೀಳುವುದಿಲ್ಲ, ಏಟಿಗೊಂದಿಷ್ಟು ಮೇಲಕ್ಕೆ ಹತ್ತುತ್ತದೆ. ಒಂದು ಒಂದೂವರೆ ಕೆಜಿ ಕಬ್ಬಿಣ ತಟ್ಟನೆ ಅಲುಗುವುದಿಲ್ಲ. ಅದು ನಿಂತಲ್ಲೇ ನಿಂತಿರುವಾಗ ಹಗುರವಾದ ಕಾವು ಅದರೊಳಗೆ ಇಳಿಯುತ್ತದೆ, ಅಷ್ಟೇ. ಏಟಿನ ಸದ್ದು ಡಬ್ ಡಬ್ ಇದ್ದದ್ದು ಟಕ್ ಟಕ್ ಅಂತ ಬದಲಾದಾಗ ನಿಲ್ಲಿಸಿ. ಕಾವಿನ ತುದಿ ಕಣ್ಣಿನಿಂದ 5-6 ಮಿಲಿಮೀಟರ್ ಮೇಲೆ ಬಂದಿರಲಿ. ಆ ತುದಿಯೇ ಬೆಣೆ ಬಿದ್ದಾಗ ಅಗಲವಾಗಿ ಕೊಡಲಿಯನ್ನು ಹಿಡಿದುಕೊಳ್ಳುವುದು. ನೀಟಾಗಿ ಕಾಣಲಿ ಅಂತ ಸಮಕ್ಕೆ ಕುಯ್ಯಬೇಡಿ.

ಬೆಣೆ ಹೊಡೆಯುವ ಮೊದಲು ಕಾವಿನ ಬುಡದಿಂದ ಒಂದು ಕಣ್ಣು ಮುಚ್ಚಿ ನೋಡಿ. ಬಾಯಿ ಮತ್ತು ಕಾವು ಒಂದೇ ಗೆರೆಯಲ್ಲಿರಬೇಕು. ಸೊಟ್ಟ ಇದ್ದರೆ ಈಗಲೇ ತೆಗೆದು ಕೆರೆಯಿರಿ.

ಬೆಣೆ ಉದ್ದವಾಗಿ, ತೆಳ್ಳಗೆ, ಪೂರ್ತಿ ಒಣಗಿರಬೇಕು. ನಾನು ಹಳೇ ಕಾಫಿ ಗಿಡದ ಕಾಂಡದಲ್ಲಿ ಮಾಡುತ್ತೇನೆ. ಮೊಂಡು ಬೆಣೆ ಎರಡೇಟಿಗೆ ಎಗರಿ ಹೊರಗೆ ಬರುತ್ತದೆ. ಮೊಳೆ ಬೇಡವೇ ಬೇಡ. ನಮ್ಮೂರಲ್ಲಿ ಒಂದು ಕೊಡಲಿಯ ನೆತ್ತಿಯಲ್ಲಿ ಏಳು ಮೊಳೆ ಎಣಿಸಿದ್ದೇನೆ. ಪ್ರತಿ ಮೊಳೆಯೂ ಎಳೆಯನ್ನು ಸೀಳುತ್ತದೆ, ತುಕ್ಕು ಹಿಡಿದು ಸುತ್ತಲಿನ ಮರವನ್ನೂ ತಿನ್ನುತ್ತದೆ.

'ಕೊಡಲಿ ಕಾವು ಕುಲಕ್ಕೆ ಸಾವು' ಅನ್ನುವುದು ಮರಗಳ ಕಡೆಯವರು ಕಟ್ಟಿದ ಗಾದೆ ಇರಬೇಕು. ಕೊಡಲಿಯನ್ನು ಕೇಳಿದ್ದರೆ ಬೇರೆ ಏನೋ ಹೇಳುತ್ತಿತ್ತು.

ಇವತ್ತೇ ಸೌದೆ ಒಡೆಯಬೇಕು, ಕಾವು ಸಡಿಲ ಇದೆ ಅನ್ನುವವರೂ ನೀರಿಗೆ ಹಾಕಬೇಡಿ. ಮೇಲೆ ಹೇಳಿದ ಹಾಗೆ ಜೋಲಿಸಿ ಬುಡಕ್ಕೆ ಬಡಿಯಿರಿ, ಬೆಣೆಯನ್ನು ಇನ್ನಷ್ಟು ಒಳಗೆ ಕೂರಿಸಿ. ಆಗಲೂ ಅಲ್ಲಾಡಿದರೆ ಪಕ್ಕದ ಮನೆಯ ಕೊಡಲಿ ಕೇಳಿ.

ಹೆಜ್ಜೆ 4: ಹರಿತ

ನಮ್ಮ ಅಜ್ಜನ ಕಾಲದ ಕೊಡಲಿಯನ್ನು ಮಸೆದುಕೊಡಿ ಅಂತ ಒಮ್ಮೆ ವೆಲ್ಡಿಂಗ್ ಅಂಗಡಿಗೆ ಕೊಟ್ಟಿದ್ದೆ. ಎರಡೇ ನಿಮಿಷ, ಕಿಡಿ ಹಾರಿಸಿ ಫಳಫಳ ಮಾಡಿ ಕೊಟ್ಟರು. ಬಾಯಿಯುದ್ದಕ್ಕೂ ನೇರಳೆ ಹಣ್ಣಿನ ರಸ ಬಳಿದ ಹಾಗೆ ನೀಲಿ ಬಣ್ಣ. ಚೆಂದ ಕಾಣುತ್ತದೆ ಅಂದುಕೊಂಡು ಮನೆಗೆ ತಂದೆ. ಮೊದಲ ಗಂಟಿಗೆ ಬಾಯಿ ಮಡಚಿಕೊಂಡಿತು.

ಉಕ್ಕಿಗೆ ಹದ ಹಾಕುವಾಗ ಆಚಾರಿಗಳು ಬಣ್ಣ ನೋಡುತ್ತಾರೆ. ಸುಮಾರು 220-230 ಡಿಗ್ರಿ ಸೆಲ್ಸಿಯಸ್‌ಗೆ ಒಣಹುಲ್ಲಿನ ಬಣ್ಣ ಬರುತ್ತದೆ, ಆಮೇಲೆ ಕಂದು, ನೇರಳೆ. 300ರ ಹತ್ತಿರ ನೀಲಿ. ಬಾಯಿ ನೀಲಿಗೆ ತಿರುಗಿತೆಂದರೆ ಬೇಕಾದ್ದಕ್ಕಿಂತ ಮೆತ್ತಗಾಯಿತು ಅಂತಲೇ. ಗ್ರೈಂಡರ್ ಚಕ್ರಕ್ಕೆ ತೆಳು ಬಾಯಿ ತಾಗಿದರೆ ಅಷ್ಟು ಬಿಸಿಯಾಗಲು ಕೆಲವೇ ಸೆಕೆಂಡು ಸಾಕು. ನೀಲಿಯಾದ ಮೇಲೆ ನೀರಲ್ಲಿ ಅದ್ದಿದರೆ ಹದ ವಾಪಸ್ ಬರುವುದಿಲ್ಲ. ಆ ನೀಲಿ ಭಾಗವನ್ನು ಅರದಿಂದ ಪೂರ್ತಿ ತೆಗೆಯಬೇಕು, ಇಲ್ಲವೇ ಕುಲುಮೆಗೆ ಕೊಂಡೊಯ್ದು ಹೊಸದಾಗಿ ಹದ ಹಾಕಿಸಬೇಕು.

ಆದ್ದರಿಂದ ಕೈಕೆಲಸ. ಕೊಡಲಿಯನ್ನು ಅಲುಗದ ಹಾಗೆ ಬಿಗಿ ಮಾಡಿ, ದಪ್ಪ ಗವಸು ಹಾಕಿ. 10 ಇಂಚಿನ ಚಪ್ಪಟೆ ಅರವನ್ನು ಬಾಯಿಂದ ಬೆನ್ನಿನ ಕಡೆಗೆ ತಳ್ಳಿ. ಹಿಂದಕ್ಕೆ ತರುವಾಗ ಎತ್ತಿಬಿಡಿ. ಉಜ್ಜುತ್ತಾ ಎಳೆದರೆ ಅರದ ಹಲ್ಲು ಹೋಗುತ್ತದೆ. ಮಕ್ಕಳ ಸ್ಕೆಚ್ ಪೆನ್ನಿನಿಂದ ಅಂಚಿಗೆ ಬಣ್ಣ ಹಚ್ಚಿಕೊಂಡರೆ ಅರ ಎಲ್ಲಿ ತಾಗುತ್ತಿದೆ ಅಂತ ಗೊತ್ತಾಗುತ್ತದೆ. ಸೌದೆ ಒಡೆಯುವ ಕೊಡಲಿಗೆ ಎರಡೂ ಬದಿ ಸೇರಿ 30ರಿಂದ 35 ಡಿಗ್ರಿ ಕೋನ ಸಾಕು. ಅಂಚು ಚಾಕುವಿನ ಹಾಗೆ ಚಪ್ಪಟೆ ಇರಬಾರದು, ಅಕ್ಕಿ ಕಾಳಿನ ತುದಿಯ ಹಾಗೆ ಸ್ವಲ್ಪ ಉಬ್ಬಿರಲಿ.

ಆಮೇಲೆ ಸಾಣೆಕಲ್ಲು. ಮೊದಲು ಒರಟು ಮುಖ, ನಂತರ ನುಣುಪು. ನೀರು ಚಿಮುಕಿಸುತ್ತಾ ಕಲ್ಲನ್ನೇ ಸಣ್ಣ ಸುತ್ತು ಸುತ್ತಿ. ಆಚೆ ಬದಿಯಲ್ಲಿ ಕೂದಲೆಳೆಯಷ್ಟು ಒರಟು ಅಂಚು ಬೆರಳಿಗೆ ಸಿಕ್ಕಾಗ ತಿರುಗಿಸಿ. ಕೊನೆಗೆ ಹಳೇ ಚರ್ಮದ ಬೆಲ್ಟಿಗೆ ಹತ್ತು ಸಲ ಎಳೆಯಿರಿ. ಬೆಳಗಿನ ಬಿಸಿಲಿಗೆ ಬಾಯಿ ಹಿಡಿದು ನೋಡಿ. ಬಿಳಿ ಗೆರೆ ಮಿಂಚಿದ ಕಡೆ ಇನ್ನೂ ಮೊಂಡು. ಬಟ್ಟೆ ಒಗೆಯುವ ಕಲ್ಲಿಗೆ ಉಜ್ಜುವ ಅಭ್ಯಾಸ ಕತ್ತಿಗೆ ನಡೆಯುತ್ತದೇನೋ, ಕೊಡಲಿಗೆ ಬೇಡ.

ಹೆಜ್ಜೆ 5: ಎಣ್ಣೆ

ಕಾವಿಗೆ ಅಗಸೆ ಎಣ್ಣೆ, ತೆಳ್ಳಗೆ, ನಾಲ್ಕೈದು ದಿನ ಬಿಟ್ಟು ಬಿಟ್ಟು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಬಿಡುತ್ತದೆ, ಆ ಮುದ್ದೆಗೆ ತಾನಾಗಿಯೇ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಹರವಿ. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಸುಮ್ನೆ ಧೂಳು ಕೂರುತ್ತದೆ. ಕಬ್ಬಿಣಕ್ಕೆ ಹರಳೆಣ್ಣೆ. ಸುಟ್ಟ ಎಂಜಿನ್ ಆಯಿಲ್ ಬಳಿಯುವವರ ಜೊತೆ ನಾನು ವಾದ ಮಾಡುವುದನ್ನು ಬಿಟ್ಟಿದ್ದೇನೆ.

ಹೆಜ್ಜೆ 6: ಎಲ್ಲಿಡುವುದು

ಕಾವಿನ ಮರ ಒಣಗಿಸಲು ಅಟ್ಟ ಸರಿ, ಕೊಡಲಿ ಇಡಲು ಅಲ್ಲ. ಒಲೆಯ ಶಾಖಕ್ಕೆ ಕಾವು ಅತಿಯಾಗಿ ಒಣಗಿ ಮತ್ತೆ ಲಟಪಟ. ಸಿಮೆಂಟು ನೆಲಕ್ಕೂ ಒರಗಿಸಬೇಡಿ. ಗಾಳಿಯಾಡುವ ಗೋಡೆಗೆ ನೇತುಹಾಕಿ.

ಆಯುಧಪೂಜೆಯ ದಿನದ್ದು ಒಂದು ಮಾತು ಉಳಿಯಿತು. ನಿಂಬೆಹಣ್ಣು ಹಿಂಡಿ, ಕುಂಕುಮ ಮೆತ್ತಿ, ಕೊಡಲಿಯನ್ನು ವಾರಗಟ್ಟಲೆ ಹಾಗೇ ಬಿಡುತ್ತಾರೆ. ನಿಂಬೆ ಹುಳಿ ಉಕ್ಕನ್ನು ತಿನ್ನುತ್ತದೆ, ಒದ್ದೆ ಕುಂಕುಮದ ಅಡಿಯಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ. ಅವತ್ತು ಸಂಜೆಯೇ ಒರೆಸಿದರೆ ಒಳ್ಳೆಯದು. ಪೂಜೆ ಮಾಡಿದ್ದನ್ನು ಮಾರನೇ ದಿನದವರೆಗೆ ಮುಟ್ಟಬಾರದು ಅನ್ನುತ್ತಾರೆ ನಮ್ಮಮ್ಮ. ಹಾಗಾಗಿ ನಮ್ಮ ಮನೆಯಲ್ಲಿ ಈಗ ಕುಂಕುಮ ಕಾವಿಗೆ, ಬಾಯಿಗೆ ಹರಳೆಣ್ಣೆ, ನಿಂಬೆಹಣ್ಣು ಜೀಪಿನ ಚಕ್ರಕ್ಕೆ.