ಓಡುತ್ತಿದ್ದ ಪ್ರೋಗ್ರಾಮನ್ನು ನಿಲ್ಲಿಸದೆ ಬಿಡಿಸಿದ್ದು: ನನ್ನ ಅನುಭವ

ಪೀಣ್ಯದ ಗೋದಾಮೊಂದರಲ್ಲಿ ಲಾರಿಗಳಿಗೆ ಸರಕು ಹಂಚುವ ಪ್ರೋಗ್ರಾಮ್ ಮೂರು ನಾಲ್ಕು ದಿನಗಳಿಗೊಮ್ಮೆ ಉತ್ತರ ಕೊಡುವುದನ್ನೇ ಬಿಡುತ್ತಿತ್ತು. ರೀಸ್ಟಾರ್ಟ್ ಮಾಡಿದರೆ ದಾಸ್ತಾನಿನ ಪಟ್ಟಿಯನ್ನೆಲ್ಲ ಮತ್ತೆ ಮೆಮೊರಿಗೆ ತುಂಬಿಕೊಳ್ಳಲು ಅದಕ್ಕೆ ಸುಮಾರು 25 ನಿಮಿಷ ಬೇಕು. ಅಷ್ಟು ಹೊತ್ತು ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುದರಿಂದ ಒಂದೊಂದು ಸಲಕ್ಕೂ ಹದಿನೈದು ಇಪ್ಪತ್ತು ಸಾವಿರ ರೂಪಾಯಿ ಕೈಬಿಡುತ್ತಿತ್ತು. ಪ್ರೋಗ್ರಾಮಿನ ಸೋರ್ಸ್ ಕೋಡ್ ನಮ್ಮ ಬಳಿ ಇರಲಿಲ್ಲ. ಬರೆದುಕೊಟ್ಟವರು ತಿದ್ದಲು ಎರಡೂಮುಕ್ಕಾಲು ಲಕ್ಷ ರೂಪಾಯಿ ಮತ್ತು ಆರು ವಾರ ಕೇಳಿದರು. ಓಡುತ್ತಿರುವ ಪ್ರೋಗ್ರಾಮಿನ ಒಳಗನ್ನು ನೋಡಲು ಬಳಸುವ ಜಿಡಿಬಿ ಎಂಬ ಡೀಬಗರ್ ಅಂಟಿಸಿ ಒಳಗಿನಿಂದಲೇ ಬಿಡಿಸುತ್ತೇನೆಂದು ನಾನು ಹೇಳಿದಾಗ, ಕೆಲಸದಲ್ಲಿರುವ ಸರ್ವರ್ ಮುಟ್ಟುವುದೆಂದರೆ ಓಡುವ ಬಸ್ಸಿನ ಚಕ್ರ ಬಿಚ್ಚಿದಂತೆ ಎಂದು ತಂಡದ ಹಿರಿಯರೊಬ್ಬರು ತಡೆದರು.

ಮೊದಲ ಯತ್ನದಲ್ಲಿ ಅವರ ಮಾತೇ ನಿಜವಾಯಿತು. ನಾನು ಅಂಟಿಸಿದ ಕೂಡಲೇ ಎಲ್ಲ ಥ್ರೆಡ್‌ಗಳೂ, ಅಂದರೆ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ನಡೆಯುವ ಕೆಲಸದ ಎಳೆಗಳೂ, ನಿಂತವು. ಜಿಡಿಬಿ ಡೀಬಗ್‌ಇನ್ಫೋಡಿ ಎಂಬ ಆನ್‌ಲೈನ್ ಸೇವೆಯಿಂದ ಸಿಂಬಲ್ (ಫಂಕ್ಷನ್‌ಗಳ ಹೆಸರಿನ ಮಾಹಿತಿ) ತರಲೇ ಎಂದು ಕೇಳುತ್ತ ಕುಳಿತಿತು, ಆ ಸರ್ವರ್‌ಗೆ ಇಂಟರ್‌ನೆಟ್ಟೇ ಇರಲಿಲ್ಲ. ನಾನು ಒಂದೊಂದೇ ಆಜ್ಞೆ ಟೈಪ್ ಮಾಡುವಷ್ಟರಲ್ಲಿ 50 ಸೆಕೆಂಡು ಕಳೆದು, ಬಾರ್‌ಕೋಡ್ ಸ್ಕ್ಯಾನರ್‌ಗಳ ಸಂಪರ್ಕಗಳೆಲ್ಲ ಕಡಿದುಹೋದವು. ಆ ದಿನ ರೀಸ್ಟಾರ್ಟ್ ಮಾಡಲೇಬೇಕಾಯಿತು.

ಆದರೂ ಆ 50 ಸೆಕೆಂಡಿನಲ್ಲಿ ಪಡೆದ, ಪ್ರತಿ ಥ್ರೆಡ್ ಎಲ್ಲಿ ನಿಂತಿದೆ ಎಂದು ತೋರಿಸುವ ಬ್ಯಾಕ್‌ಟ್ರೇಸ್ ಕೈಯಲ್ಲಿತ್ತು. 64 ಥ್ರೆಡ್‌ಗಳ ಪೈಕಿ ಸುಮಾರು 60 ಥ್ರೆಡ್‌ಗಳು ನೆಟ್‌ವರ್ಕಿನಿಂದ ಉತ್ತರ ಪಡೆಯುವ ರೆಸೀವ್ ಕರೆಯೊಳಗೇ ಕಾದು ಕುಳಿತಿದ್ದವು. ಸಿಂಬಲ್ ತೆಗೆದ ಬೈನರಿಯಾದ್ದರಿಂದ ಅದನ್ನು ಕರೆದ ಫಂಕ್ಷನ್‌ಗಳ ಫ್ರೇಮ್‌ಗಳೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಆದರೆ ಆರ್‌ಡಿಐ ರಿಜಿಸ್ಟರಿನಲ್ಲಿ (ಕರೆಗೆ ಕೊಟ್ಟ ಮೊದಲ ಮೌಲ್ಯ ಇರುವ ಪ್ರೊಸೆಸರಿನ ಜಾಗ) ಸಾಕೆಟ್ಟಿನ, ಅಂದರೆ ನೆಟ್‌ವರ್ಕ್ ಸಂಪರ್ಕದ, ಸಂಖ್ಯೆ ಇದ್ದೇ ಇರುತ್ತದೆ. ಅದನ್ನು ಎಸ್‌ಎಸ್ ಆಜ್ಞೆ ಕೊಡುವ ತೆರೆದ ಸಂಪರ್ಕಗಳ ಪಟ್ಟಿಯೊಂದಿಗೆ ತಾಳೆ ನೋಡಿದಾಗ ಅವೆಲ್ಲವೂ ಹೊರಗಿನ ಒಂದೇ ಸರ್ವರ್‌ಗೆ ಹೋಗುವ ಸಂಪರ್ಕಗಳೆಂದು ತಿಳಿಯಿತು. ಸುಮ್ಮನಿದ್ದ ಸಂಪರ್ಕಗಳನ್ನು ನಡುವಿನ ಫೈರ್‌ವಾಲ್ ಸದ್ದಿಲ್ಲದೆ ಮರೆತುಬಿಡುತ್ತಿತ್ತು. ನಮ್ಮ ಪ್ರೋಗ್ರಾಮಿನಲ್ಲಿ ಟೈಮ್‌ಔಟೂ ಇರಲಿಲ್ಲ, ಕೀಪ್‌ಅಲೈವೂ (ಸಂಪರ್ಕ ಜೀವಂತವಿದೆಯೇ ಎಂದು ಆಗಾಗ ಪರೀಕ್ಷಿಸುವ ವ್ಯವಸ್ಥೆ) ಇರಲಿಲ್ಲ.

ಎರಡನೆಯ ಸಲ ಅಂತಹ ಒಂದು ಸಾಕೆಟ್ಟಿನ ಮೇಲೆ, ಅದನ್ನು ಮುಚ್ಚುವ ಕ್ಲೋಸ್ ಫಂಕ್ಷನ್ನನ್ನು ಜಿಡಿಬಿಯಿಂದ ಕರೆದೆ, ಮತ್ತು ಅದೇ ನನ್ನ ದೊಡ್ಡ ತಪ್ಪಾಯಿತು. ಥ್ರೆಡ್ ಬಿಡುಗಡೆಯಾದದ್ದೇನೋ ನಿಜ, ಆದರೆ ಅಷ್ಟರೊಳಗೆ 41 ಎಂಬ ಆ ಸಂಖ್ಯೆ ಹೊಸ ಸಂಪರ್ಕವೊಂದಕ್ಕೆ ಸಿಕ್ಕಿತ್ತು. ಎಚ್ಚರಗೊಂಡ ಥ್ರೆಡ್ ತನ್ನದೆಂದುಕೊಂಡು ಅದನ್ನೇ ಮತ್ತೊಮ್ಮೆ ಮುಚ್ಚಿತು, ಯಾರದೋ ಆರ್ಡರ್ ಅರ್ಧಕ್ಕೆ ಕಡಿಯಿತು. ಆಮೇಲೆ ಕ್ಲೋಸ್ ಬಿಟ್ಟು ಶಟ್‌ಡೌನ್ ಕರೆದೆ. ಶಟ್‌ಡೌನ್ ಸಂಖ್ಯೆಯನ್ನು ಬಿಟ್ಟುಕೊಡುವುದಿಲ್ಲ, ಕಾಯುತ್ತಿರುವ ರೆಸೀವ್ ಸೊನ್ನೆಯೊಂದಿಗೆ ಹಿಂದಿರುಗುತ್ತದೆ, ಮುಚ್ಚುವ ಕೆಲಸವನ್ನು ಪ್ರೋಗ್ರಾಮ್ ತಾನೇ ಮಾಡಿಕೊಳ್ಳುತ್ತದೆ. ಸಿಂಬಲ್ ಇಲ್ಲದಿರುವುದರಿಂದ ಕರೆಯ ಮುಂದೆ ಇಂಟ್ ಎಂದು ಕಾಸ್ಟ್ ಮಾಡಲೇಬೇಕು (ಉತ್ತರ ಪೂರ್ಣಾಂಕವೆಂದು ತಿಳಿಸಬೇಕು), ಇಲ್ಲವಾದರೆ ಜಿಡಿಬಿ ಒಪ್ಪುವುದಿಲ್ಲ. ಡೀಬಗ್‌ಇನ್ಫೋಡಿಯನ್ನು ಆರಂಭದಲ್ಲೇ ಆಫ್ ಮಾಡಿ, ಎಲ್ಲ ಆಜ್ಞೆಗಳನ್ನೂ ಬ್ಯಾಚ್ ಕಡತದಲ್ಲಿಟ್ಟು, ಬೇರೆ ಥ್ರೆಡ್‌ಗಳು ಓಡದಂತೆ ತಡೆಯುವ ಶೆಡ್ಯೂಲರ್ ಲಾಕಿಂಗ್ ಹಾಕಿ ನಡೆಸಿದಾಗ ಪ್ರೋಗ್ರಾಮ್ ನಿಂತದ್ದು ಒಂದು ಸೆಕೆಂಡಿಗೂ ಕಡಿಮೆ. ಯಾವ ಥ್ರೆಡ್ ನಿಜವಾಗಿ ಸತ್ತ ಸಂಪರ್ಕಕ್ಕೆ ಕಾಯುತ್ತಿದೆ, ಯಾವುದು ನಿಧಾನದ ಉತ್ತರಕ್ಕೆ ಕಾಯುತ್ತಿದೆ ಎಂದು ನನ್ನ ಸ್ಕ್ರಿಪ್ಟ್ ಬೇರ್ಪಡಿಸುವ ಬಗೆಯನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಈ ಗೆಲುವಿನ ಹುಮ್ಮಸ್ಸಿನಲ್ಲಿ, ಅದೇ ಪ್ರೋಗ್ರಾಮ್ 6 ಜಿಬಿಯಷ್ಟು ಮೆಮೊರಿ ಹಿಡಿದಿದ್ದುದನ್ನು ನೋಡಿ ಬಳಕೆಯಲ್ಲಿಲ್ಲದ ಮೆಮೊರಿಯನ್ನು ಹಿಂದಿರುಗಿಸುವ ಮ್ಯಾಲಾಕ್ ಟ್ರಿಮ್ ಕರೆದೆ. ಪರೀಕ್ಷಾ ಸರ್ವರ್‌ನಲ್ಲಿ ಅದು 2 ಜಿಬಿಗಿಳಿಯಿತು. ಆದರೆ ಇನ್ನೊಂದು ಸಲ, ಬೇರೊಂದು ಥ್ರೆಡ್ ಮೆಮೊರಿ ಹಂಚುವ ಮ್ಯಾಲಾಕಿನ ಬೀಗ ಹಿಡಿದ ಗಳಿಗೆಯಲ್ಲೇ ನಾನು ಅಂಟಿಕೊಂಡಿದ್ದೆ. ಶೆಡ್ಯೂಲರ್ ಲಾಕಿಂಗ್ ಇದ್ದುದರಿಂದ ಆ ಥ್ರೆಡ್ ಮುಂದೆ ಸಾಗಲಾರದೆ, ನನ್ನ ಕರೆಯೂ ಮರಳದೆ, ಎರಡೂ ಅಲ್ಲೇ ಸಿಕ್ಕಿಕೊಂಡವು. ಶಟ್‌ಡೌನ್ ಮ್ಯಾಲಾಕಿನ ಬೀಗ ಬೇಡದ ನೇರ ಸಿಸ್ಟಮ್ ಕಾಲ್ (ಕರ್ನಲ್‌ಗೆ ಹೋಗುವ ಕರೆ) ಆಗಿರುವುದರಿಂದ ಅದಕ್ಕೆ ಈ ಅಪಾಯವಿಲ್ಲ. ಮೆಮೊರಿಯ ವಿಷಯಕ್ಕೆ ಮ್ಯಾಲಾಕ್ ಅರೀನಾಗಳ (ಥ್ರೆಡ್‌ಗಳಿಗೆ ಮೆಮೊರಿ ಹಂಚುವ ಪ್ರತ್ಯೇಕ ಭಾಗಗಳ) ಮಿತಿಯನ್ನು, ಪ್ರೋಗ್ರಾಮ್ ಶುರುವಾಗುವಾಗ ಓದಿಕೊಳ್ಳುವ ಪರಿಸರ ಚರದಲ್ಲಿ 2ಕ್ಕೆ ಇಳಿಸಿದ್ದೇ ಸಾಕಾಯಿತು.

ಏಳು ತಿಂಗಳಾಯಿತು, ಥ್ರೆಡ್‌ಗಳು ಸಿಕ್ಕಿಕೊಂಡ ಕಾರಣಕ್ಕೆ ಒಮ್ಮೆಯೂ ರೀಸ್ಟಾರ್ಟ್ ಮಾಡಿಲ್ಲ. ಬಸ್ಸಿನ ಚಕ್ರದ ಮಾತಾಡಿದ ಹಿರಿಯರೇ ಈಗ ಸ್ಕ್ರಿಪ್ಟನ್ನು ಹತ್ತು ನಿಮಿಷಕ್ಕೊಮ್ಮೆ ಓಡಿಸುವಂತೆ, ಕೆಲಸಗಳನ್ನು ನಿಗದಿತ ವೇಳೆಗೆ ನಡೆಸುವ ಕ್ರಾನ್‌ಗೆ ಸೇರಿಸಿದ್ದಾರೆ. ತೆರೆದಿರುವ ಸಾಕೆಟ್ಟುಗಳ ಮೇಲೆ ಜಿಡಿಬಿಯಿಂದಲೇ ಕೀಪ್‌ಅಲೈವ್ ಹಾಕುವ ಪ್ರಯೋಗವನ್ನು ಈ ವಾರ ಪರೀಕ್ಷಾ ಸರ್ವರ್‌ನಲ್ಲಿ ಶುರುಮಾಡಿದ್ದೇನೆ.