ಬಾಡಿಗೆ ಮನೆಯಲ್ಲಿ ಮಾಲೀಕರ ಫ್ರಿಡ್ಜ್ ಕೆಟ್ಟಾಗ: ನನ್ನ ಅನುಭವ

ಸಾಮಾನು ಸಮೇತ ಬಾಡಿಗೆಗೆ ಕೊಡುವ ಮನೆಗಳಲ್ಲೇ ನಾನು ಜಾಸ್ತಿ ಇದ್ದೇನೆ. ಫ್ರಿಡ್ಜ್, ಮೈಕ್ರೋವೇವ್, ಒಲೆ, ಚಿಮಣಿ ಎಲ್ಲ ಮಾಲೀಕರದ್ದು, ಬಳಸುವವರು ನಾವು. ಒಂದಲ್ಲ ಒಂದು ಕೆಡುತ್ತಲೇ ಇರುತ್ತದೆ. ಆಗ ಮಾಲೀಕರಿಗೆ ‘ಇವರೇ ಹಾಳು ಮಾಡಿದರೇನೋ’ ಅನ್ನೋ ಅನುಮಾನ. ನಮಗೆ ‘ಇವರು ರಿಪೇರಿ ಮಾಡಿಸುತ್ತಾರೋ ಇಲ್ಲವೋ’ ಅನ್ನೋ ಆತಂಕ. ಇವೆರಡನ್ನೂ ಕಡಿಮೆ ಮಾಡುವ ಉಪಾಯ ಅಂತ ನನಗೆ ಸಿಕ್ಕಿರುವುದು ಒಂದೇ: ಏನಾಗಿದೆ ಅನ್ನುವುದನ್ನು ಸರಿಯಾಗಿ ನೋಡಿ, ಸರಿಯಾಗಿ ಬರೆದು ತಿಳಿಸುವುದು. ‘ಫ್ರಿಡ್ಜ್ ಕೆಟ್ಟಿದೆ’ ಅಂದರೆ ಮಾಲೀಕರಿಗೂ ಏನೂ ತಿಳಿಯುವುದಿಲ್ಲ, ಮೆಕ್ಯಾನಿಕ್‌ಗೂ ತಿಳಿಯುವುದಿಲ್ಲ. ‘ಫ್ರೀಜರ್‌ನಲ್ಲಿ ಐಸ್ ಆಗುತ್ತಿದೆ, ಕೆಳಗಿನ ಭಾಗ ಮಾತ್ರ ಬೆಚ್ಚಗಿದೆ’ ಅಂದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಮನೆಗೆ ಬಂದ ಮೊದಲ ದಿನವೇ ಅಡುಗೆಮನೆಯ ಪ್ರತಿ ಯಂತ್ರವನ್ನೂ ಆನ್ ಮಾಡಿ ನೋಡುತ್ತೇನೆ. ಗೀರು, ಬಿರುಕು, ತುಕ್ಕು, ಮುರಿದ ಟ್ರೇ ಎಲ್ಲದರ ಫೋಟೋ ತೆಗೆದು ಅವತ್ತೇ ಮಾಲೀಕರಿಗೆ ಕಳಿಸುತ್ತೇನೆ. ಮಾಡೆಲ್ ನಂಬರ್ ಮತ್ತು ಸೀರಿಯಲ್ ನಂಬರ್ ಇರುವ ಚೀಟಿಯ ಫೋಟೋ ಕೂಡ ಬೇಕು. ಫ್ರಿಡ್ಜ್‌ನಲ್ಲಿ ಅದು ಸಾಮಾನ್ಯವಾಗಿ ತರಕಾರಿ ಡಬ್ಬದ ಹತ್ತಿರ ಒಳಗಿನ ಗೋಡೆಯ ಮೇಲಿರುತ್ತದೆ. ಮೈಕ್ರೋವೇವ್‌ನಲ್ಲಿ ಬಾಗಿಲು ತೆರೆದರೆ ಕಾಣುವ ಚೌಕಟ್ಟಿನ ಮೇಲೆ, ಇಲ್ಲವೇ ಹಿಂಭಾಗದಲ್ಲಿ. ಡಿಶ್‌ವಾಷರ್‌ನಲ್ಲಿ ಬಾಗಿಲಿನ ಅಂಚಿನಲ್ಲಿ. ಯಂತ್ರ ಕೆಟ್ಟ ಮೇಲೆ ಭಾರದ ಸಾಮಾನನ್ನು ಗೋಡೆಯಿಂದ ಎಳೆದು, ಟಾರ್ಚ್ ಹಿಡಿದು ಹುಡುಕುವ ಕಷ್ಟ ಇದರಿಂದ ತಪ್ಪುತ್ತದೆ.

ಫ್ರಿಡ್ಜ್ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಬೇರೆ ಯಾವುದು ಕೆಟ್ಟರೂ ನಾಲ್ಕು ದಿನ ಹೇಗೋ ನಡೆಯುತ್ತದೆ. ಫ್ರಿಡ್ಜ್ ನಿಂತರೆ ಒಳಗಿರುವ ಆಹಾರದ ಗತಿ ಗಂಟೆಗಳಲ್ಲಿ ತೀರ್ಮಾನವಾಗುತ್ತದೆ.

ಹಾಗಾಗಿ ಮೊದಲ ಕೆಲಸ ಬಾಗಿಲು ಮುಚ್ಚಿಡುವುದು. ಬಾಗಿಲು ತೆರೆಯದೇ ಇದ್ದರೆ ಕೆಳಗಿನ ಭಾಗ ಸುಮಾರು 4 ಗಂಟೆ ತಂಪು ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಫ್ರಿಡ್ಜ್ ಒಳಗಿನ ಉಷ್ಣತೆ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಫ್ರೀಜರ್ ಮೈನಸ್ 18. ಬೇಗ ಹಾಳಾಗುವ ಆಹಾರ 4 ಡಿಗ್ರಿಗಿಂತ ಮೇಲೆ 2 ಗಂಟೆಗೂ ಹೆಚ್ಚು ಇದ್ದರೆ ನಾನು ಬಿಸಾಡುತ್ತೇನೆ. ವಾಸನೆ ನೋಡಿ, ರುಚಿ ನೋಡಿ ತೀರ್ಮಾನಿಸಲು ಹೋಗುವುದಿಲ್ಲ. ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆದಿದ್ದರೂ ವಾಸನೆ ಬಾರದೇ ಇರಬಹುದು. ಫ್ರಿಡ್ಜ್‌ಗೆಂದೇ ಸಿಗುವ ಸಣ್ಣ ಥರ್ಮಾಮೀಟರ್ ಒಂದನ್ನು ಇಟ್ಟುಕೊಳ್ಳಿ. ಅದನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿ ನಡುವಿನ ಶೆಲ್ಫ್‌ನಲ್ಲಿ ರಾತ್ರಿಯಿಡೀ ಇಡಿ. ಬಾಗಿಲು ತೆರೆದಾಗ ಗಾಳಿಯ ಉಷ್ಣತೆ ಏರಿಳಿಯುತ್ತದೆ, ನೀರಿನದು ಅಷ್ಟು ಬೇಗ ಬದಲಾಗುವುದಿಲ್ಲ. ಬೆಳಿಗ್ಗೆ ಸಿಗುವ ಅಂಕಿಯನ್ನು ನಂಬಬಹುದು.

ಆಮೇಲೆ ಕಿವಿಗೊಟ್ಟು ಕೇಳುತ್ತೇನೆ. ಒಳಗೆ ದೀಪ ಉರಿಯುತ್ತಿದೆಯಾ? ಹಿಂದೆ ಕಂಪ್ರೆಸರ್‌ನ, ಅಂದರೆ ತಂಪು ಮಾಡುವ ಗ್ಯಾಸನ್ನು ಕೊಳವೆಯಲ್ಲಿ ಓಡಿಸುವ ಮೋಟಾರಿನ, ಗುಂಯ್ ಶಬ್ದ ಇದೆಯಾ? ದೀಪವೇ ಇಲ್ಲದಿದ್ದರೆ ಅದೇ ಸಾಕೆಟ್‌ಗೆ ಬೇರೆ ಏನಾದರೂ ಹಾಕಿ ನೋಡುತ್ತೇನೆ. ಎಷ್ಟೋ ಸಲ ಕೆಟ್ಟಿರುವುದು ಸಾಕೆಟ್. ದೀಪ ಇದೆ, ಕಂಪ್ರೆಸರ್ ಓಡುತ್ತಿಲ್ಲ, ಆಗಾಗ ‘ಟಕ್’ ಅಂತ ಸದ್ದು ಬಂದು ನಿಲ್ಲುತ್ತದೆ ಅಂದರೆ ಸ್ಟಾರ್ಟ್ ರಿಲೇ (ಕಂಪ್ರೆಸರನ್ನು ಚಾಲು ಮಾಡುವ ಸಣ್ಣ ಭಾಗ) ಅಥವಾ ಕಂಪ್ರೆಸರ್ ಮೇಲೆಯೇ ಅನುಮಾನ. ಕಂಪ್ರೆಸರ್ ಸತತವಾಗಿ ಓಡುತ್ತಿದೆ, ಆದರೆ ಫ್ರೀಜರ್ ಕೂಡ ತಂಪಾಗುತ್ತಿಲ್ಲ ಅಂದರೆ ಗ್ಯಾಸ್ ಸೋರಿರಬಹುದು. ಫ್ರಿಡ್ಜ್‌ನ ಎರಡು ಬದಿ ಬೆಚ್ಚಗಾಗಿದೆ ಅಂತ ಮಾತ್ರ ಹೆದರಬೇಡಿ. ಈಗಿನ ಅನೇಕ ಫ್ರಿಡ್ಜ್‌ಗಳಲ್ಲಿ ಒಳಗಿನ ಬಿಸಿಯನ್ನು ಹೊರಹಾಕುವ ಕೊಳವೆಗಳು ಬದಿಯ ತಗಡಿನ ಹಿಂದೆಯೇ ಇರುತ್ತವೆ.

ನಾನು ಅತಿ ಹೆಚ್ಚು ಕಂಡ ತೊಂದರೆ ಮೊದಲು ಹೇಳಿದ್ದೇ. ಮೇಲೆ ಫ್ರೀಜರ್ ಚೆನ್ನಾಗಿದೆ, ಕೆಳಗೆ ಬೆಚ್ಚಗೆ. ಫ್ರಾಸ್ಟ್ ಫ್ರೀ, ಅಂದರೆ ಮಂಜನ್ನು ತಾನೇ ಕರಗಿಸಿಕೊಳ್ಳುವ ಫ್ರಿಡ್ಜ್‌ನಲ್ಲಿ ತಂಪು ಹುಟ್ಟುವುದು ಫ್ರೀಜರ್ ಹಿಂದಿನ ಸುರುಳಿಯಲ್ಲಿ. ಒಂದು ಫ್ಯಾನ್ ಆ ತಂಪು ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಸುರುಳಿಯ ಮೇಲೆ ಕೂರುವ ಮಂಜನ್ನು ಒಂದು ಹೀಟರ್ ಆಗಾಗ ಕರಗಿಸುತ್ತದೆ. ಆ ಹೀಟರ್ ಅಥವಾ ಅದನ್ನು ನಡೆಸುವ ಭಾಗ ಕೆಟ್ಟರೆ ಮಂಜು ಕಟ್ಟುತ್ತಾ ಹೋಗಿ ಗಾಳಿಯ ದಾರಿ ಮುಚ್ಚುತ್ತದೆ. ಇದನ್ನು ಪರೀಕ್ಷಿಸಲು ಯಾವ ಸ್ಕ್ರೂ ಕೂಡ ಬಿಚ್ಚಬೇಕಿಲ್ಲ. ಪ್ಲಗ್ ತೆಗೆದು, ಸಾಮಾನು ಖಾಲಿ ಮಾಡಿ, ಎರಡೂ ಬಾಗಿಲು ತೆರೆದು ಒಂದು ಇಡೀ ದಿನ ಬಿಡಬೇಕು. ನೆಲಕ್ಕೆ ಹಳೆಯ ಬಟ್ಟೆ ಹಾಸಿಡಿ, ನೀರು ಬರುತ್ತದೆ. ಮತ್ತೆ ಚಾಲು ಮಾಡಿದಾಗ ಕೆಲವು ದಿನ ಚೆನ್ನಾಗಿ ನಡೆದು ಪುನಃ ಅದೇ ತೊಂದರೆ ಬಂದರೆ, ಮಂಜು ಕರಗಿಸುವ ವ್ಯವಸ್ಥೆಯೇ ಕೈಕೊಟ್ಟಿದೆ ಅಂತ ಬಹುಮಟ್ಟಿಗೆ ಹೇಳಬಹುದು. ಈ ಮಾತನ್ನು ಮೆಕ್ಯಾನಿಕ್‌ಗೆ ಫೋನಿನಲ್ಲೇ ಹೇಳಿದರೆ ಅವರು ಬೇಕಾದ ಭಾಗ ಜೊತೆಗೇ ತರುತ್ತಾರೆ. ಇಲ್ಲದಿದ್ದರೆ ಒಂದು ದಿನ ನೋಡಿ ಹೋಗಲು, ಇನ್ನೊಂದು ದಿನ ಹಾಕಲು ಅಂತ ಎರಡು ಸಲ ಕಾಯಬೇಕು.

ಮಂಜನ್ನು ಚಾಕುವಿನಿಂದ ಕೆರೆಯಲೇಬಾರದು. ಇದನ್ನು ಒತ್ತಿ ಹೇಳುತ್ತೇನೆ. ಕೊಳವೆಗೆ ಒಂದು ಸಣ್ಣ ತೂತು ಬಿದ್ದರೂ ಒಳಗಿನ ಗ್ಯಾಸ್ ಪೂರ್ತಿ ಹೋಗುತ್ತದೆ. ಈಗಿನ ಮನೆಬಳಕೆಯ ಫ್ರಿಡ್ಜ್‌ಗಳಲ್ಲಿ ಬಹಳಷ್ಟು ಕಡೆ ಬಳಸುವುದು ಆರ್600ಎ, ಅಂದರೆ ಐಸೋಬ್ಯುಟೇನ್. ಅದು ಬೆಂಕಿ ಹತ್ತುವ ಅನಿಲ. ಅಷ್ಟೇ ಅಲ್ಲ, ಹೀಗೆ ಆದ ಹಾನಿ ನೂರಕ್ಕೆ ನೂರು ಬಾಡಿಗೆದಾರರ ತಲೆಗೇ ಬರುತ್ತದೆ.

ಸಣ್ಣ ವಿಷಯಗಳನ್ನು ನಾನೇ ನೋಡಿಕೊಳ್ಳುತ್ತೇನೆ. ಬಾಗಿಲಿನ ರಬ್ಬರ್ ಸರಿಯಾಗಿ ಕೂರುತ್ತಿದೆಯಾ ಅಂತ ನೋಡಲು ಒಂದು ಕಾಗದ ಸಿಕ್ಕಿಸಿ ಬಾಗಿಲು ಹಾಕಿ, ಎಳೆದು ನೋಡಿ. ಸಲೀಸಾಗಿ ಬಂದರೆ ಅಲ್ಲಿ ತಂಪು ಸೋರುತ್ತಿದೆ. ಬಹಳ ಸಲ ರಬ್ಬರ್ ಕೆಟ್ಟಿರುವುದಿಲ್ಲ, ಜಿಡ್ಡು ಹಿಡಿದಿರುತ್ತದೆ. ಬೆಚ್ಚಗಿನ ಸೋಪು ನೀರಿನಲ್ಲಿ ಒರೆಸಿದರೆ ಸಾಕು. ತರಕಾರಿ ಡಬ್ಬದ ಕೆಳಗೆ ನೀರು ನಿಲ್ಲುತ್ತಿದ್ದರೆ ಹಿಂದಿನ ಗೋಡೆಯಲ್ಲಿರುವ ಸಣ್ಣ ನೀರಿನ ರಂಧ್ರ ಕಟ್ಟಿಕೊಂಡಿರುತ್ತದೆ. ಬೆಚ್ಚಗಿನ ನೀರು ನಿಧಾನಕ್ಕೆ ಬಿಟ್ಟರೆ ಬಿಟ್ಟುಕೊಳ್ಳುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಮಾಲೀಕರಿಗೆ ತಿಳಿಸುವುದು. ಫೋನ್ ಮಾಡಿ ಮಾತಾಡಿದರೂ, ಅದೇ ವಿಷಯವನ್ನು ಮೆಸೇಜಿನಲ್ಲಿ ಬರೆದೇ ಬರೆಯುತ್ತೇನೆ. ತಾರೀಖು ಉಳಿಯುತ್ತದೆ, ಮಾಲೀಕರು ಅದನ್ನೇ ಮೆಕ್ಯಾನಿಕ್‌ಗೆ ಕಳಿಸಬಹುದು. ನಾನು ಬರೆಯುವುದು ಹೀಗೆ:

“ಮೇಡಂ, ನಮಸ್ಕಾರ. ಫ್ರಿಡ್ಜ್‌ನ ಕೆಳಗಿನ ಭಾಗ ಶುಕ್ರವಾರ ರಾತ್ರಿಯಿಂದ ತಂಪಾಗುತ್ತಿಲ್ಲ. ಥರ್ಮಾಮೀಟರ್ 13 ಡಿಗ್ರಿ ತೋರಿಸುತ್ತಿದೆ. ಫ್ರೀಜರ್‌ನಲ್ಲಿ ಐಸ್ ಆಗುತ್ತಿದೆ, ಕಂಪ್ರೆಸರ್ ಓಡುತ್ತಿದೆ. ಬಾಗಿಲಿನ ರಬ್ಬರ್ ಸರಿಯಾಗಿದೆ. ಮಾಡೆಲ್ ನಂಬರ್ ಫೋಟೋ ಕಳಿಸಿದ್ದೇನೆ. ಕೊಂಡಾಗಿನ ಬಿಲ್ ನಿಮ್ಮ ಹತ್ತಿರ ಇದ್ದರೆ ವಾರಂಟಿ ಇದೆಯಾ ನೋಡುತ್ತೀರಾ? ಕಂಪನಿಯ ಸರ್ವೀಸ್‌ಗೆ ನಾನೇ ಹೇಳಲಾ, ಇಲ್ಲ ನಿಮ್ಮ ಪರಿಚಯದವರನ್ನು ಕಳಿಸುತ್ತೀರಾ? ನಾಳೆ ಸಂಜೆ ಮನೆಯಲ್ಲೇ ಇರುತ್ತೇನೆ.”

ಇದರಲ್ಲಿ ದೂರು ಇಲ್ಲ, ಬೇಡಿಕೊಳ್ಳುವುದೂ ಇಲ್ಲ. ಮಾಲೀಕರು ತೀರ್ಮಾನ ತೆಗೆದುಕೊಳ್ಳಲು ಬೇಕಾದ್ದೆಲ್ಲ ಇದೆ. ಕೊನೆಯಲ್ಲಿ ಒಂದು ಪ್ರಶ್ನೆ ಇದೆ, ಅದಕ್ಕೆ ಉತ್ತರ ಕೊಡಲೇಬೇಕು. ವಾರಂಟಿ ಮಾತು ಮುಖ್ಯ. ಕಂಪ್ರೆಸರ್‌ಗೆ ಎಷ್ಟೋ ಕಂಪನಿಗಳು ಬೇರೆಯಾಗಿ, ಫ್ರಿಡ್ಜ್‌ಗಿಂತ ಜಾಸ್ತಿ ವರ್ಷದ ವಾರಂಟಿ ಕೊಡುತ್ತವೆ. ಮಾಲೀಕರಿಗೇ ಅದು ಮರೆತುಹೋಗಿರುತ್ತದೆ. ಅದಕ್ಕೇ ಅವರನ್ನು ಕೇಳದೆ ನಾನು ಯಾವ ಯಂತ್ರವನ್ನೂ ಬಿಚ್ಚಿಸುವುದಿಲ್ಲ. ಹೊರಗಿನವರು ಕೈಹಾಕಿದರೆ ಇರುವ ವಾರಂಟಿಯೂ ಹೋಗಬಹುದು.

ಮೆಕ್ಯಾನಿಕ್ ಬಂದಾಗ ಪಕ್ಕದಲ್ಲೇ ಇರುತ್ತೇನೆ. ಅವರ ಮೇಲೆ ಅನುಮಾನ ಅಂತಲ್ಲ, ಕಲಿಯಲು. ಹೆಚ್ಚಿನವರು ಕೇಳಿದರೆ ಖುಷಿಯಿಂದ ತೋರಿಸುತ್ತಾರೆ. ‘ಗ್ಯಾಸ್ ಖಾಲಿಯಾಗಿದೆ, ತುಂಬಬೇಕು’ ಅಂದರೆ ಮಾತ್ರ ‘ಎಲ್ಲಿ ಸೋರುತ್ತಿದೆ?’ ಅಂತ ಕೇಳಲೇಬೇಕು. ಫ್ರಿಡ್ಜ್‌ನ ಗ್ಯಾಸ್ ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಿರುತ್ತದೆ. ಬಳಸಿ ಬಳಸಿ ಮುಗಿಯುವಂಥದ್ದಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ತೂತು ಇದೆ ಅಂತಲೇ ಅರ್ಥ. ತೂತು ಮುಚ್ಚದೆ ಸುಮ್ನೆ ತುಂಬಿಸಿದರೆ ಮತ್ತೆ ಅದೇ ಕಥೆ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಇಟ್ಟುಕೊಳ್ಳುತ್ತೇನೆ. ಬಿಲ್ ಮಾಲೀಕರ ಹೆಸರಿನಲ್ಲಿ, ಮಾಡೆಲ್ ನಂಬರ್ ಮತ್ತು ಹಾಕಿದ ಭಾಗದ ಹೆಸರು ಬರೆಸಿಯೇ ತೆಗೆದುಕೊಳ್ಳುತ್ತೇನೆ.

ಮೈಕ್ರೋವೇವ್ ವಿಷಯದಲ್ಲಿ ನನ್ನ ನಿಯಮ ಕಟ್ಟುನಿಟ್ಟು. ಹೊರಗಿನ ಕವಚ ತೆಗೆಯುವುದಿಲ್ಲ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಹೊರಗಿನಿಂದ ತಿಳಿಯುವುದನ್ನಷ್ಟೇ ನೋಡುತ್ತೇನೆ. ಒಂದು ಲೋಟ ನೀರು ಇಟ್ಟು 1 ನಿಮಿಷ ಓಡಿಸಿ. ದೀಪ ಉರಿದು, ತಟ್ಟೆ ತಿರುಗಿ, ನೀರು ಮಾತ್ರ ಬಿಸಿಯಾಗದಿದ್ದರೆ ಮೆಕ್ಯಾನಿಕ್ ಬೇಕೇ ಬೇಕು. ಒಳಗೆ ಕಿಡಿ ಹಾರುತ್ತಿದ್ದರೆ ತಕ್ಷಣ ನಿಲ್ಲಿಸಿ, ಬದಿಯ ಗೋಡೆಯಲ್ಲಿರುವ ಮೈಕಾ ಹಾಳೆಯನ್ನು ನೋಡಿ. ಆಹಾರ ಸಿಡಿದು ಜಿಡ್ಡು ಕೂತು ಅದು ಸುಟ್ಟಿರುತ್ತದೆ. ಹೊಸ ಹಾಳೆ ಹಾಕಿಸಿದರೆ ಯಂತ್ರವನ್ನೇ ಬಿಸಾಡಬೇಕಾಗಿಲ್ಲ. ಬಾಗಿಲು ಸರಿಯಾಗಿ ಮುಚ್ಚದಿದ್ದರೆ, ಗಾಜಿನ ಹಿಂದಿನ ಜಾಲರಿ ಹರಿದಿದ್ದರೆ ಬಳಸುವುದೇ ಬೇಡ.

ಇಂಡಕ್ಷನ್ ಒಲೆಯ ಗಾಜು ಬಿರುಕು ಬಿಟ್ಟಾಗಲೂ ಹಾಗೆಯೇ. ಕೂದಲೆಳೆಯಷ್ಟು ಬಿರುಕಿದ್ದರೂ ಚೆಲ್ಲಿದ ನೀರು ಅದರೊಳಗೆ ಇಳಿದು ವಿದ್ಯುತ್ ಇರುವ ಜಾಗ ತಲುಪಬಹುದು.

ಮೀಟರ್ ಬೋರ್ಡಿನ ಸುರಕ್ಷತೆಯ ಸ್ವಿಚ್ ಪದೇ ಪದೇ ಟ್ರಿಪ್ ಆಗುವುದು, ಅಂದರೆ ತಾನಾಗಿ ಬಿದ್ದು ಕರೆಂಟ್ ಹೋಗುವುದು, ಇನ್ನೊಂದು ತಲೆನೋವು. ಯಾವ ಯಂತ್ರದಿಂದ ಅಂತ ಗೊತ್ತಾಗುವುದಿಲ್ಲ ಅಲ್ವಾ? ಅಡುಗೆಮನೆಯ ಎಲ್ಲ ಪ್ಲಗ್ ಕಿತ್ತು, ಟ್ರಿಪ್ ಆದದ್ದನ್ನು ಮೇಲೆತ್ತಿ, ಒಂದೊಂದೇ ಹಾಕುತ್ತಾ ಹೋಗಬೇಕು. ಯಾವುದು ಹಾಕಿದಾಗ ಬೀಳುತ್ತದೋ ಅದೇ ಕಳ್ಳ. ನೀರು, ಬಿಸಿ ಎರಡೂ ಇರುವ ಕೆಟಲ್, ಡಿಶ್‌ವಾಷರ್, ಓವನ್‌ನಂಥ ಯಂತ್ರಗಳ ಮೇಲೆ ನನ್ನ ಮೊದಲ ಅನುಮಾನ. ಎಲ್ಲ ಕಿತ್ತ ಮೇಲೂ ನಿಲ್ಲದಿದ್ದರೆ ವೈರಿಂಗ್‌ನದೇ ತೊಂದರೆ ಇರಬಹುದು. ಕಂದುಬಣ್ಣಕ್ಕೆ ತಿರುಗಿದ ಸಾಕೆಟ್, ಸುಟ್ಟ ವಾಸನೆ, ಮುಟ್ಟಿದರೆ ಬಿಸಿಯಾದ ಪ್ಲಗ್ ಕಂಡರೆ ಆ ಸಾಕೆಟ್ ಬಳಸುವುದನ್ನೇ ನಿಲ್ಲಿಸಿ ಅವತ್ತೇ ಮಾಲೀಕರಿಗೆ ಹೇಳುತ್ತೇನೆ. ಟ್ರಿಪ್ ಆಗುವುದನ್ನು ತಪ್ಪಿಸಲು ಆ ಸುರಕ್ಷತೆಯ ಸ್ವಿಚ್ಚನ್ನೇ ಬೈಪಾಸ್ ಮಾಡುವ ಸಲಹೆ ಕೊಡುವವರಿದ್ದಾರೆ. ಖಂಡಿತ ಬೇಡ.

ಗ್ಯಾಸ್ ಒಲೆಯಲ್ಲಿ ಜ್ವಾಲೆ ಹಳದಿಯಾಗಿದ್ದರೆ ಬರ್ನರ್ ತೂತುಗಳನ್ನು ಸ್ವಚ್ಛ ಮಾಡುತ್ತೇನೆ, ಒಣಗಿಸಿ ಸರಿಯಾಗಿ ಕೂರಿಸುತ್ತೇನೆ. ವಾಸನೆ ಬಂದರೆ ಮಾತ್ರ ಯಾರ ಅನುಮತಿಗೂ ಕಾಯಬೇಡಿ. ಗ್ಯಾಸ್ ಮುಚ್ಚಿ, ಕಿಟಕಿ ಬಾಗಿಲು ತೆರೆಯಿರಿ, ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ಹೊರಗೆ ಬಂದ ಮೇಲೆ ಫೋನ್ ಮಾಡಿ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಹತ್ತಿರ ತುಂಬಿಕೊಳ್ಳುತ್ತದೆ. ಕಿಟಕಿ ತೆರೆದರೆ ಸಾಕು ಅಂದುಕೊಳ್ಳಬೇಡಿ, ಬಾಗಿಲೂ ತೆರೆಯಬೇಕು.

ಹಣದ ಮಾತು. ಹಳತಾಗಿ ಕೆಟ್ಟದ್ದು ಮಾಲೀಕರ ಖರ್ಚು, ನಾವು ಬೀಳಿಸಿಯೋ ಒಡೆದೋ ಕೆಡಿಸಿದ್ದು ನಮ್ಮ ಖರ್ಚು ಅನ್ನುವುದು ನಾನು ಹಿಡಿದಿರುವ ದಾರಿ. ಆದರೆ ಕೊನೆಯ ಮಾತು ಕರಾರು ಪತ್ರದ್ದು ಮತ್ತು ಆಯಾ ಊರಿನ ಕಾನೂನಿನದ್ದು. ಹಾಗಾಗಿ ಸಹಿ ಹಾಕುವ ಮೊದಲೇ ಯಂತ್ರಗಳ ರಿಪೇರಿ ಯಾರದ್ದು ಅಂತ ಒಂದು ಸಾಲು ಬರೆಸುತ್ತೇನೆ. ಬಲ್ಬ್, ಒಲೆಯ ಲೈಟರಿನ ಸೆಲ್, ಚಿಮಣಿಯ ಫಿಲ್ಟರ್ ತೊಳೆಯುವುದು ಇವನ್ನೆಲ್ಲ ನಾನೇ ಮಾಡುತ್ತೇನೆ. ಇಷ್ಟಕ್ಕೂ ಫೋನ್ ಮಾಡಿದರೆ ದೊಡ್ಡ ತೊಂದರೆ ಬಂದಾಗ ನಮ್ಮ ಮಾತಿಗೆ ಬೆಲೆ ಇರುವುದಿಲ್ಲ. ದೊಡ್ಡ ಖರ್ಚನ್ನು ನಾನು ಮೊದಲು ಕೊಟ್ಟು ಬಾಡಿಗೆಯಲ್ಲಿ ಕಳೆಯಬೇಕಾದರೆ, ‘ಸರಿ, ಮುಂದಿನ ತಿಂಗಳು ಕಳೆದು ಕೊಡಿ’ ಅಂತ ಅವರಿಂದ ಬರಹದಲ್ಲಿ ಬಂದ ಮೇಲಷ್ಟೇ. ನಮಗೆ ನಾವೇ ಕಳೆದುಕೊಂಡರೆ ಅದನ್ನು ಬಾಡಿಗೆ ಬಾಕಿ ಅಂತಲೇ ಎಣಿಸಬಹುದು.

ಉತ್ತರವೇ ಬಾರದ ಮಾಲೀಕರೂ ಸಿಕ್ಕಿದ್ದಾರೆ. ಆಗ ಎರಡನೇ ಮೆಸೇಜಿನಲ್ಲಿ ಮೊದಲನೆಯದರ ತಾರೀಖು ಬರೆದು, ಇಂಥ ದಿನದೊಳಗೆ ಹೇಳಿ ಅಂತ ಗಡುವು ಇಡುತ್ತೇನೆ. ಜೊತೆಗೆ ಮೆಕ್ಯಾನಿಕ್ ಕೊಟ್ಟ ಅಂದಾಜು ಖರ್ಚಿನ ಚೀಟಿ ಕಳಿಸುತ್ತೇನೆ. ಸಾಧ್ಯವಾದರೆ ಇಬ್ಬರು ಬೇರೆ ಬೇರೆ ಮೆಕ್ಯಾನಿಕ್‌ಗಳದ್ದು. ಖರ್ಚು ಎಷ್ಟು ಅಂತ ಗೊತ್ತಿಲ್ಲದೇ ಹಿಂಜರಿಯುವವರು ಅಂಕಿ ಕಂಡ ಕೂಡಲೇ ಒಪ್ಪಿದ್ದನ್ನು ನೋಡಿದ್ದೇನೆ.

ರಿಪೇರಿಗಿಂತ ಹೊಸದೇ ಲೇಸು ಅಂತ ಮಾಲೀಕರು ತೀರ್ಮಾನಿಸಿದರೆ ಅಳತೆ ತೆಗೆಯುವ ಕೆಲಸ ನಾನು ವಹಿಸಿಕೊಳ್ಳುತ್ತೇನೆ. ಅಲ್ಲಿ ಇರುವವರು ನಾವೇ ತಾನೇ. ಜಾಗದ ಅಗಲ, ಎತ್ತರ, ಆಳ, ಗಾಳಿಯಾಡಲು ಬಿಡಬೇಕಾದ ಅಂತರ, ಬಾಗಿಲು ಯಾವ ಕಡೆಗೆ ತೆರೆಯಬೇಕು, ಮನೆಯ ಬಾಗಿಲಿನಲ್ಲಿ ಯಂತ್ರ ಒಳಗೆ ಬರುತ್ತದಾ, ಎಲ್ಲ ಬರೆದು ಕಳಿಸುತ್ತೇನೆ. ಹೊಸ ಫ್ರಿಡ್ಜನ್ನು ಮಲಗಿಸಿ ತಂದಿದ್ದರೆ ನಿಲ್ಲಿಸಿದ ಕೂಡಲೇ ಆನ್ ಮಾಡಬಾರದು. ಕಂಪ್ರೆಸರ್‌ನ ಎಣ್ಣೆ ಕೊಳವೆಗೆ ಹರಿದಿರುತ್ತದೆ, ಅದು ವಾಪಸ್ ಇಳಿಯಲು ಕೆಲವು ಗಂಟೆ ಬಿಡಬೇಕು. ಎಷ್ಟು ಗಂಟೆ ಅಂತ ಜೊತೆಗೆ ಬರುವ ಪುಸ್ತಕದಲ್ಲಿ ಇರುತ್ತದೆ.

ಮನೆ ಬಿಡುವಾಗ ಬಂದ ದಿನ ತೆಗೆದ ಫೋಟೋಗಳನ್ನೇ ಮುಂದಿಟ್ಟುಕೊಂಡು, ಅದೇ ಕೋನದಿಂದ ಮತ್ತೆ ತೆಗೆಯುತ್ತೇನೆ. ಡೆಪಾಸಿಟ್ ಮಾತು ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಬಹುದು. ಬಿಲ್‌ಗಳು, ವಾರಂಟಿ ಕಾಗದ, ಯಾವ ತಿಂಗಳು ಯಾವ ಭಾಗ ಬದಲಾಯಿತು ಅನ್ನುವ ಪಟ್ಟಿ ಎಲ್ಲವನ್ನೂ ಒಂದು ಕವರ್‌ನಲ್ಲಿ ಹಾಕಿ ಮಾಲೀಕರ ಕೈಗೆ ಕೊಡುತ್ತೇನೆ. ಬದಲಿಸಿದ ಭಾಗಕ್ಕೂ ವಾರಂಟಿ ಇರಬಹುದು. ಅದು ಬೇಗ ಕೆಟ್ಟರೆ, ಮುಂದೆ ಬರುವ ಬಾಡಿಗೆದಾರರಿಗೆ ಬೇಕಾಗುವುದು ಆ ಬಿಲ್ಲೇ.