ಕಾಲು ಕಸಿಯ ರಿಜೆಕ್ಷನ್ ರಕ್ತದಲ್ಲಿ ಮೊದಲೇ ಸಿಕ್ಕಿತು: ನನ್ನ ಅನುಭವ

"ಚರ್ಮ ಕಣ್ಣಿಗೇ ಕಾಣುತ್ತಲ್ಲ, ರಕ್ತ ಯಾಕೆ?" ಕಸಿ ಮಾಡಿದ ಕೈಕಾಲನ್ನು ದೇಹ ತಿರಸ್ಕರಿಸುವುದನ್ನು, ಅಂದರೆ ರಿಜೆಕ್ಷನ್ ಅನ್ನು, ರಕ್ತ ಪರೀಕ್ಷೆಯಲ್ಲಿ ಹಿಡಿಯಬೇಕು ಅಂದಾಗಲೆಲ್ಲ ಮೂರು ವರ್ಷದಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕಿಡ್ನಿ, ಹೃದಯ ಒಳಗಡೆ ಇರುತ್ತವೆ, ಅವಕ್ಕೆ ರಕ್ತದ ಗುರುತು ಬೇಕು, ಸರಿ. ಕೈಕಾಲು ಹೊರಗೇ ಇದೆ. ಕೆಂಪಾದರೆ ಒಂದು ಪಂಚ್ ಬಯಾಪ್ಸಿ (ಚರ್ಮದ ಸಣ್ಣ ತುಂಡು) ತೆಗೆದು ಬ್ಯಾನ್ಫ್ ಗ್ರೇಡ್ (ರಿಜೆಕ್ಷನ್ ಎಷ್ಟು ಜೋರು ಎಂಬ ದರ್ಜೆ) ಹಾಕಿದರೆ ಮುಗಿಯಿತು ಅನ್ನುವುದು ಎಲ್ಲರ ವಾದ. ನಮ್ಮ ಗುಂಪಿನ ಹಿರಿಯ ಸರ್ಜನ್ ಒಬ್ಬರು ಮೀಟಿಂಗ್‌ನಲ್ಲೇ "ದುಡ್ಡು ದಂಡ" ಎಂದುಬಿಟ್ಟರು. ಈಗ ಕಾಲು ಕಸಿ ಮಾಡಿದ ನನ್ನ ಇಲಿಗಳಲ್ಲಿ ಚರ್ಮ ಕೆಂಪಾಗುವ ಸುಮಾರು ಎರಡು ದಿನ ಮೊದಲೇ ಪ್ಲಾಸ್ಮಾದಲ್ಲಿ (ಕಣ ತೆಗೆದ ರಕ್ತದ ದ್ರವದಲ್ಲಿ) ದಾನಿಯ ಡಿಎನ್‌ಎ ಏರುತ್ತಿದೆ. ಒಂದು ಬ್ಯಾಚ್‌ನಲ್ಲಿ ಹೀಗಾಗಿದ್ದರೆ ಸುಮ್ನೆ ಇರುತ್ತಿದ್ದೆ. ಮೂರು ಬ್ಯಾಚ್‌ನಲ್ಲೂ ಆಗಿದೆ.

ಚರ್ಮವನ್ನು ನಾನು ಅಷ್ಟು ನಂಬುವುದಿಲ್ಲ. ಉಜ್ಜಿದರೂ ಕೆಂಪು, ಸೋಂಕಾದರೂ ಕೆಂಪು, ಅಲರ್ಜಿಗೂ ಕೆಂಪು. ಕೈ ಕಸಿ ಮಾಡಿಸಿಕೊಂಡವರಲ್ಲಿ ನೂರಕ್ಕೆ 85ರಷ್ಟು ಜನರಿಗೆ ಮೊದಲ ವರ್ಷದಲ್ಲೇ ಒಂದಾದರೂ ರಿಜೆಕ್ಷನ್ ಬರುತ್ತದೆ. ಅನುಮಾನ ಬಂದಾಗಲೆಲ್ಲ ಅವರ ಹೊಸ ಕೈಯನ್ನು ಕೊಯ್ಯುತ್ತಾ ಇರುವುದಕ್ಕಾಗುತ್ತಾ? ಇನ್ನೊಂದು ಕಡೆ, ಅಮೆರಿಕದ ಲೂಯಿವಿಲ್‌ನಲ್ಲಿ ಒಬ್ಬ ರೋಗಿಯ ಕಸಿ ಕೈ ಹೋಗಿದ್ದು ರಕ್ತನಾಳದ ಒಳಪದರ ದಪ್ಪಗಾಗಿ. ಬರೀ ಚರ್ಮ ನೋಡುತ್ತಾ ಕೂತರೆ ಅಂಥದ್ದು ಕೈತಪ್ಪುತ್ತದೆ.

ಮಾಡೆಲ್ ಹೊಸದೇನಲ್ಲ. ಬ್ರೌನ್ ನಾರ್ವೆ ತಳಿಯ ಗಂಡು ಇಲಿಯ ಹಿಂಗಾಲು, ಲೂಯಿಸ್ ತಳಿಯ ಹೆಣ್ಣಿಗೆ. ಗಂಡು-ಹೆಣ್ಣು ಬೆರೆಸಿದ್ದು ಗಂಡಿನಲ್ಲಿ ಮಾತ್ರ ಇರುವ ವೈ ಕ್ರೋಮೋಸೋಮ್‌ನ ಎಸ್‌ಆರ್‌ವೈ ಜೀನ್‌ಗಾಗಿ. ಹೆಣ್ಣಿನ ರಕ್ತದಲ್ಲಿ ಅದು ಕಂಡರೆ ಆ ಕಾಲಿನದ್ದೇ. ಮರಿ ಹಾಕಿದ ಹೆಣ್ಣು ಮಾತ್ರ ಬೇಡ, ಗಂಡು ಮರಿಯ ಜೀವಕೋಶ ತಾಯಿಯಲ್ಲಿ ಉಳಿದಿರಬಹುದು. ಕಾಲು ಜೋಡಿಸುವುದು ನಿಮಗೆಲ್ಲ ಗೊತ್ತಿರುವುದೇ. ರಕ್ತನಾಳಕ್ಕೆ 10-0 ಎಂಬ ತೀರಾ ತೆಳು ದಾರದ ಹೊಲಿಗೆ ಬಿಟ್ಟು ಕಫ್‌ಗೆ (ಪುಟ್ಟ ಕೊಳವೆಯಿಂದ ನಾಳ ಜೋಡಿಸುವುದಕ್ಕೆ) ಬಂದ ಮೇಲೆ ನನಗೆ ಬೇಕಾಗುತ್ತಿದ್ದ ಸಮಯ ಅರ್ಧಕ್ಕರ್ಧ ಇಳಿಯಿತು. ಈಗ ಒಂದು ಕಾಲು ಒಂದೂವರೆ ಗಂಟೆಯೊಳಗೆ ಮುಗಿಸುತ್ತೇನೆ, ನಮ್ಮಲ್ಲಿ ಬೇರೆ ಯಾರೂ ಅಷ್ಟು ಬೇಗ ಮುಗಿಸಿದ್ದಿಲ್ಲ.

ಮೊದಲು ದುಡ್ಡು ಸುರಿದದ್ದು ಪ್ರೋಟೀನ್‌ಗಳ ಮೇಲೆ. ಮುಖ ಕಸಿಯಾದವರಲ್ಲಿ ಜೋರಾದ ರಿಜೆಕ್ಷನ್ ಇದ್ದಾಗ ರಕ್ತದಲ್ಲಿ ಎಂಎಂಪಿ3 ಎಂಬ ಪ್ರೋಟೀನ್ ಏರುತ್ತದೆ ಎಂದು 2018ರಲ್ಲಿ ಬಂದಿತ್ತಲ್ಲ, ಅದನ್ನೂ ಉರಿಯೂತದ ಪ್ರೋಟೀನ್ ಆದ ಸಿಎಕ್ಸ್‌ಸಿಎಲ್10 ಅನ್ನೂ ಹಿಡಿದುಕೊಂಡೆ. ಪ್ರೋಟೀನ್ ಅಳೆಯುವ 96 ಗುಂಡಿಯ ಎಲೈಸಾ ಕಿಟ್‌ನಲ್ಲಿ ಸ್ಟ್ಯಾಂಡರ್ಡ್ (ಹೋಲಿಕೆಗೆ ಇಡುವ ದ್ರಾವಣ) ಕಳೆದು, ಎಲ್ಲವನ್ನೂ ಎರಡೆರಡು ಹಾಕಿದರೆ ಉಳಿಯುವುದು 40 ಸ್ಯಾಂಪಲ್. ಆ ವರ್ಷದ ಅನುದಾನದಲ್ಲಿ ಮೂರನೇ ಒಂದು ಭಾಗ ಕಿಟ್‌ಗಳಿಗೇ ಹೋಯಿತು. ಸಿಎಕ್ಸ್‌ಸಿಎಲ್10 ಚೆನ್ನಾಗಿ ಏರಿತು, ಆದರೆ ಗಾಯಕ್ಕೆ ಸೋಂಕಾದ ಇಲಿಯಲ್ಲೂ ಅಷ್ಟೇ ಚೆನ್ನಾಗಿ ಏರಿತು. ಎಂಎಂಪಿ3 ನನ್ನ ಇಲಿಗಳಲ್ಲಿ ಏರಿದ್ದು ಚರ್ಮ ಸುಲಿಯುವ ಹೊತ್ತಿಗೆ. ಆಗ ಗೊತ್ತಾಗಿ ಏನು ಪ್ರಯೋಜನ?

ಮಧ್ಯೆ ಎರಡು ತಿಂಗಳು ಮೈಕ್ರೋ ಆರ್‌ಎನ್‌ಎ (ರಕ್ತದಲ್ಲಿ ಸಿಗುವ ಪುಟ್ಟ ಆರ್‌ಎನ್‌ಎ ತುಣುಕು) ಕಡೆಗೂ ಹೋಗಿ ಬಂದೆ. ಬಾಲದಿಂದ ಹಿಂಡಿ ತೆಗೆದ ರಕ್ತದಲ್ಲಿ ಕೆಂಪು ಕಣ ಒಡೆದು ಅದರೊಳಗಿನ ಮಿರ್-451 ಎಂಬ ತುಣುಕು ತುಂಬಿಕೊಂಡು, ಉಳಿದ ಲೆಕ್ಕವನ್ನೆಲ್ಲ ಕೆಡಿಸುತ್ತಿತ್ತು. ಅದನ್ನು ಕೈಬಿಟ್ಟೆ. ಅಲ್ಲಿ ಕಲಿತದ್ದು ಒಂದೇ: ಪ್ಲಾಸ್ಮಾ ಸ್ವಲ್ಪ ಗುಲಾಬಿಯಾಗಿ ಕಂಡರೂ ಚೆಲ್ಲಬೇಕು, "ಇರಲಿ ಬಿಡು" ಅನ್ನಬಾರದು.

ಕೊನೆಗೆ ದಾನಿಯ ಬಿಡಿ ಡಿಎನ್‌ಎಗೆ ಬಂದೆ, ಅಂದರೆ ಕಸಿ ಕಾಲಿನ ಜೀವಕೋಶ ಸತ್ತಾಗ ಉದುರಿ ರಕ್ತದಲ್ಲಿ ತೇಲುವ ಡಿಎನ್‌ಎಗೆ. ಅದರ ಪ್ರತಿಗಳನ್ನು ಎಣಿಸುವ ಡಿಜಿಟಲ್ ಪಿಸಿಆರ್ ಯಂತ್ರ ನಮ್ಮದಲ್ಲ, ಪಕ್ಕದ ವಿಭಾಗದ್ದು. ರಾತ್ರಿ ಎಂಟರ ಮೇಲೆ ಖಾಲಿ ಇದ್ದರೆ ಕೊಡುತ್ತಿದ್ದರು. ಮೊದಲ ನಾಲ್ಕು ಪ್ಲೇಟ್‌ನಲ್ಲಿ ಏನೂ ಬರಲಿಲ್ಲ, ಪೂರ್ತಿ ಸೊನ್ನೆ. ರಕ್ತ ಹೆಪ್ಪುಗಟ್ಟದಂತೆ ಸಿರಿಂಜನ್ನು ಹೆಪಾರಿನ್‌ನಲ್ಲಿ ತೊಳೆಯುವ ಹಳೇ ಅಭ್ಯಾಸ ನನ್ನದು, ಹೆಪಾರಿನ್ ಪಿಸಿಆರ್ ಅನ್ನೇ ಕಟ್ಟಿಹಾಕುತ್ತದೆ. ಓದಿ ಗೊತ್ತಿತ್ತು, ಆದರೂ ಕೈ ತನ್ನಷ್ಟಕ್ಕೆ ಅದನ್ನೇ ಮಾಡುತ್ತಿತ್ತು. ಹೆಪ್ಪು ತಡೆಯುವ ಇನ್ನೊಂದು ರಾಸಾಯನಿಕವಾದ ಇಡಿಟಿಎಗೆ ಬದಲಾಯಿಸಿದ ದಿನವೇ ಸಿಗ್ನಲ್ ಬಂತು.

ಬಂತು ಅಂದರೆ ಜಾಸ್ತಿಯೇ ಬಂತು. ಕಸಿಯೇ ಆಗದ ಹೆಣ್ಣು ಇಲಿಯಲ್ಲೂ ಎಸ್‌ಆರ್‌ವೈ! ಎರಡು ವಾರ ಪ್ರೈಮರ್ (ಪಿಸಿಆರ್‌ನಲ್ಲಿ ಆ ಜೀನ್ ಹುಡುಕಿ ಹಿಡಿಯುವ ಡಿಎನ್‌ಎ ತುಣುಕು) ಮೇಲೆ ಅನುಮಾನಪಟ್ಟೆ. ತಪ್ಪು ಇದ್ದದ್ದು ಮೇಜಿನಲ್ಲಿ. ಗಂಡು ದಾನಿಗಳನ್ನು ಸಿದ್ಧಮಾಡುವ ಮೇಜಿನ ಮೇಲೇ ಹೆಣ್ಣುಗಳ ರಕ್ತ ತೆಗೆಯುತ್ತಿದ್ದೆ, ಕೂದಲು ಹೊಟ್ಟು ಎಲ್ಲ ಅಲ್ಲೇ. ಕೋಣೆ ಬೇರೆ ಮಾಡಿದೆ, ಗೌನ್ ಬೇರೆ ಮಾಡಿದೆ, ನಿಂತಿತು.

ನಿಜವಾಗಿ ಬುದ್ಧಿ ಕಲಿಸಿದ್ದು ಮಜ್ಜೆ. ಕಾಲಿನ ಜೊತೆ ಮೂಳೆ ಬರುತ್ತದೆ, ಮೂಳೆಯೊಳಗೆ ದಾನಿಯ ಮಜ್ಜೆ ಇರುತ್ತದೆ, ಅದರಿಂದ ದಾನಿಯ ಬಿಳಿ ಕಣಗಳು ರಕ್ತಕ್ಕೆ ಇಳಿಯುತ್ತವೆ. ಕಿಡ್ನಿಯವರಿಗೆ ಈ ತಲೆನೋವು ಇಷ್ಟಿಲ್ಲ. ಕಣ ಬೇರೆ ಮಾಡಲು ರಕ್ತವನ್ನು 1,600 ಜಿಯಲ್ಲಿ (ಗುರುತ್ವದ 1,600 ಪಟ್ಟು ಬಲದಲ್ಲಿ) ಒಂದೇ ಸಲ ತಿರುಗಿಸಿ ಬಿಟ್ಟರೆ ಕೆಲವು ಕಣ ಪ್ಲಾಸ್ಮಾದಲ್ಲೇ ಉಳಿದು, ಫ್ರೀಜರ್‌ನಲ್ಲಿ ಒಡೆದು, ಡಿಎನ್‌ಎ ಸುರಿಸುತ್ತವೆ. ನಾವು ಅದನ್ನು ರಿಜೆಕ್ಷನ್ ಅಂದುಕೊಳ್ಳುತ್ತೇವೆ. ಕಾಲು ಆರೋಗ್ಯವಾಗಿದ್ದ ಆರೇಳು ಇಲಿಗಳಲ್ಲಿ ನನಗೆ ಆಗಿದ್ದು ಇದೇ. ಪ್ಲಾಸ್ಮಾವನ್ನು ಹೊಸ ಟ್ಯೂಬ್‌ಗೆ ಹಾಕಿ 16,000 ಜಿಯಲ್ಲಿ ಹತ್ತು ನಿಮಿಷ ಮತ್ತೆ ತಿರುಗಿಸಿದೆ. ಫ್ರೀಜರ್‌ಗೆ ಹಾಕುವ ಮುಂಚೆ, ನಂತರ ಅಲ್ಲ. ಆ ಸುಳ್ಳು ಏರಿಕೆ ಹತ್ತರಲ್ಲಿ ಒಂದು ಪಾಲಾಯಿತು. ರಕ್ತವನ್ನು ಎಷ್ಟು ಹೊತ್ತು ಇಡಬಹುದು ಅಂತಲೂ ಪಕ್ಕದಲ್ಲೇ ನೋಡಿಬಿಟ್ಟೆ: ಅರ್ಧ ಗಂಟೆ, ಎರಡು, ಆರು, 24 ಗಂಟೆ. ಎರಡು ಗಂಟೆಯವರೆಗೆ ಚಿಂತೆಯಿಲ್ಲ. 24ರ ಟ್ಯೂಬ್‌ನಲ್ಲಿ ಇಲಿಯ ಸ್ವಂತ ಡಿಎನ್‌ಎ ಎಷ್ಟು ಸೋರಿತ್ತೆಂದರೆ ದಾನಿಯ ಶೇಕಡಾ ಲೆಕ್ಕ ನೆಲಕ್ಕೆ ಬಿದ್ದಿತ್ತು.

ಅದಕ್ಕೇ ನಾನು ಶೇಕಡಾ ಬಿಟ್ಟೆ. ದಾನಿಯ ಡಿಎನ್‌ಎ ಶೇಕಡಾ ಒಂದು ದಾಟಿದರೆ ರಿಜೆಕ್ಷನ್ ಇರಬಹುದು ಅನ್ನುವ ಕಿಡ್ನಿಯ ಗಡಿಯನ್ನು ಕಾಲಿಗೆ ತಂದು ಕೂರಿಸುವುದರಲ್ಲಿ ಅರ್ಥವಿಲ್ಲ, ಒಂದೊಂದು ಅಂಗ ಉದುರಿಸುವ ಡಿಎನ್‌ಎ ಒಂದೊಂದು ಪ್ರಮಾಣದ್ದು. ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಎಸ್‌ಆರ್‌ವೈಯ ಎಷ್ಟು ಕಾಪಿ, ಅದು ಇದೇ ಇಲಿಯ ಹೋದ ವಾರದ ಮಟ್ಟಕ್ಕಿಂತ ಎಷ್ಟು ಪಟ್ಟು, ಇಷ್ಟೇ ನೋಡುತ್ತೇನೆ. ನೆನಪಿದ್ದಂತೆ ತಣ್ಣಗಿರುವ ಕಾಲಿನಲ್ಲಿ 20-30 ಕಾಪಿ, ರಿಜೆಕ್ಷನ್‌ಗೆ ಮುಂಚೆ 150 ದಾಟುತ್ತದೆ. ಇಲಿಯಲ್ಲಿ ಎಸ್‌ಆರ್‌ವೈ ಒಂದೇ ಪ್ರತಿಯಲ್ಲ, ಹಲವು ಪ್ರತಿಗಳಿವೆ. ಆ ದಾನಿ ತಳಿಯ ಡಿಎನ್‌ಎಯನ್ನೇ ಅಳತೆಗೋಲು ಮಾಡಿಕೊಳ್ಳಿ. ಪ್ರತಿ ಜಾಸ್ತಿ ಇದ್ದದ್ದು ನನಗೆ ಲಾಭವೇ ಆಯಿತು, ಅಳೆಯಲು ಸಿಗುವ ಪ್ಲಾಸ್ಮಾ ಬಹಳ ಕಡಿಮೆ. ಇಲಿಯಿಂದ ಒಂದು ಸಲಕ್ಕೆ ತೆಗೆಯುವುದು 0.4 ಮಿಲಿಲೀಟರ್ ರಕ್ತ, ಅದರಲ್ಲಿ ಸಿಗುವ ಪ್ಲಾಸ್ಮಾ 0.2.

ಪ್ರೈಮರ್ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಬಿಡಿ ಡಿಎನ್‌ಎ ತುಣುಕು 166 ಬೇಸ್ ಆಸುಪಾಸಿನದ್ದು, ಆದ್ದರಿಂದ ಆಂಪ್ಲಿಕಾನ್ (ಪಿಸಿಆರ್ ನಕಲು ಮಾಡುವ ಭಾಗ) 80ರ ಒಳಗಿರಲಿ. ಜೀನ್‌ನಲ್ಲಿ ನಾನು ಜಾಗ ಎಲ್ಲಿ ಹಿಡಿದೆ, ಎಲ್ಯೂಷನ್‌ನಲ್ಲಿ (ಡಿಎನ್‌ಎ ಬಿಡಿಸಿಕೊಳ್ಳುವ ಹಂತದಲ್ಲಿ) ಏನು ಬದಲಿಸಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಪೇಪರ್ ಹೊರಬರಲಿ, ಹೇಳುತ್ತೇನೆ.

ಇನ್ನೊಂದು ತಪ್ಪು ಸಮಯದ್ದು. ಮೊಟ್ಟಮೊದಲ ಬ್ಯಾಚ್‌ಗೆ ರಿಜೆಕ್ಷನ್ ತಡೆಯುವ ಔಷಧಿಯೇ ಕೊಟ್ಟಿರಲಿಲ್ಲ. ಈ ಜೋಡಿಯಲ್ಲಿ ಐದರಿಂದ ಏಳನೇ ದಿನಕ್ಕೆ ಕೆಂಪು, ಬಾವು ಶುರು. ಆಪರೇಷನ್‌ನ ಪೆಟ್ಟಿನಿಂದ ಏರಿದ ಡಿಎನ್‌ಎ ಆಗಿನ್ನೂ ಇಳಿದೇ ಇರುವುದಿಲ್ಲ. ಎರಡೂ ಬೆರೆತು ಯಾವುದು ಯಾವುದು ಅಂತಲೇ ತಿಳಿಯಲಿಲ್ಲ. 12 ಇಲಿ ವ್ಯರ್ಥ, ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಆಮೇಲಿನ ಮೂರು ಬ್ಯಾಚ್‌ಗೆ ಮೂರು ವಾರ ಟಾಕ್ರೋಲಿಮಸ್ ಎಂಬ ಆ ಔಷಧಿ ಕೊಟ್ಟು, ಮಟ್ಟ ನೆಲ ಹಿಡಿದ ಮೇಲೆ ಔಷಧಿ ನಿಲ್ಲಿಸಿ, ದಿನ ಬಿಟ್ಟು ದಿನ ರಕ್ತ ತೆಗೆದೆ. ಆಗ ಗೆರೆ ಕಂಡಿತು. ಹದಿನೇಳು ರಿಜೆಕ್ಷನ್‌ನಲ್ಲಿ ಹದಿನಾಲ್ಕು ಚರ್ಮಕ್ಕಿಂತ ಮುಂಚೆ ಸಿಕ್ಕವು, ಎರಡು ಅದೇ ದಿನ, ಒಂದು ತಪ್ಪಿತು.

ಸುಳ್ಳು ಎಚ್ಚರಿಕೆಯೂ ಬಂದಿದೆ. ಹೊಸ ಕಾಲಿಗೆ ಸ್ಪರ್ಶ ಇನ್ನೂ ಬಂದಿರುವುದಿಲ್ಲ, ಇಲಿ ಅದನ್ನು ಕಚ್ಚಿಕೊಳ್ಳುತ್ತದೆ. ರಾತ್ರಿ ಬೆರಳು ಕಡಿದುಕೊಂಡ ಇಲಿಯ ರಕ್ತ ಬೆಳಗ್ಗೆ ರಿಜೆಕ್ಷನ್ ಥರವೇ ತೋರಿಸುತ್ತದೆ. ಕೊರಳಿಗೆ ಕಾಲರ್ ಹಾಕಿ, ಜೊತೆಗೆ ಸಿಎಕ್ಸ್‌ಸಿಎಲ್10 ನೋಡಿ. ಆ ಕಚ್ಚಿಕೊಂಡ ಇಲಿಗಳಲ್ಲಿ ಅದು ಅಷ್ಟು ಏರಲಿಲ್ಲ. ಮೂಲೆಗೆ ಹಾಕಿದ್ದ ಕಿಟ್ ಹೀಗೆ ಕೆಲಸಕ್ಕೆ ಬಂತು. ಬಯಾಪ್ಸಿ ಮಾಡಿದ ಮರುದಿನವೂ ಮಟ್ಟ ಸ್ವಲ್ಪ ಏರುತ್ತದೆ, ಆದ್ದರಿಂದ ಮೊದಲು ರಕ್ತ, ಆಮೇಲೆ ಪಂಚ್.

ಮನುಷ್ಯರಲ್ಲಿ ವೈ ಕ್ರೋಮೋಸೋಮ್ ಎಲ್ಲರಿಗೂ ಹೊಂದುವುದಿಲ್ಲ. ದಾನಿಗೂ ರೋಗಿಗೂ ಬೇರೆಯಾಗಿರುವ ಎಸ್‌ಎನ್‌ಪಿಗಳನ್ನು (ಡಿಎನ್‌ಎಯ ಒಂದಕ್ಷರದ ವ್ಯತ್ಯಾಸಗಳನ್ನು) ಹಿಡಿಯಬೇಕು, ಖರ್ಚು ಬಹಳ. ಆದರೆ ಎರಡು ಸಲ ತಿರುಗಿಸುವುದಕ್ಕೆ ಯಾವ ಖರ್ಚೂ ಇಲ್ಲ, ಕೈ ಕಸಿಯ ಸ್ಯಾಂಪಲ್ ಕೂಡಿಡುತ್ತಿರುವವರು ಇವತ್ತೇ ಶುರುಮಾಡಬಹುದು.

ನನ್ನ ಈಗಿನ ಬ್ಯಾಚ್‌ಗೆ ಟಾಕ್ರೋಲಿಮಸ್ ಅರ್ಧ ಡೋಸ್. ಚರ್ಮ ಬೆಳ್ಳಗೇ ಇದೆ, ಕೂದಲೂ ಬಂದಿದೆ. ಆದರೆ ಎಂಟರಲ್ಲಿ ಮೂರು ಇಲಿಗಳ ಕಾಪಿ ತಿಂಗಳಿಂದ ನಿಧಾನವಾಗಿ ಮೇಲಕ್ಕೆ ಹೋಗುತ್ತಿದೆ. ಮುಂದಿನ ವಾರ ಅವುಗಳ ತೊಡೆಯ ರಕ್ತನಾಳ ಕೊಯ್ದು ಒಳಪದರ ನೋಡಬೇಕು. ಅವತ್ತು ಮೈಕ್ರೋಸ್ಕೋಪ್ ಮುಂದೆ ತಾವೂ ಇರುವುದಾಗಿ ಆ ಹಿರಿಯ ಸರ್ಜನ್ ಹೇಳಿದ್ದಾರೆ.